ಹಳೆಯ ಕ್ರೀಡಾ ಕಾರಿನ ಎಂಜಿನ್ ಪುನರ್ನಿರ್ಮಾಣ: ಡಾಲ್ಫಿನ್ ಕಲಿಸುವ ಪಾಠ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಹಾಗೂ ಕಾಗವಾಡ ತಾಲೂಕುಗಳಲ್ಲಿ ಎಂಜಿನ್ ದುರಸ್ತಿಯು ಹಳೆಯ ಕಸುಬು. ಕಬ್ಬು ಸಾಗಿಸುವ ಟ್ರ್ಯಾಕ್ಟರು, ಲಾರಿ ಹಾಗೂ ನೀರೆತ್ತುವ ಪಂಪುಗಳು ಇಲ್ಲಿಯ ಗ್ಯಾರೇಜುಗಳಿಗೆ ಅನ್ನ ನೀಡುತ್ತ ಬಂದಿವೆ. ಆದರೆ ಕಾರ್ಖಾನೆಗಳು ಕಬ್ಬು ನುರಿಸುವುದನ್ನು ನಿಲ್ಲಿಸಿದ ತಿಂಗಳುಗಳಲ್ಲಿ ಕೆಲಸ ಕಡಿಮೆಯಾಗುವುದು ಎಲ್ಲರಿಗೂ ತಿಳಿದ ಸಂಗತಿ. ಈ ಬಿಡುವಿನ ಕಾಲಕ್ಕೆ ಹೊಂದಬಲ್ಲ ಒಂದು ಕೆಲಸವೆಂದರೆ ಹಳೆಯ ಕಾರುಗಳ ಎಂಜಿನ್ ಪುನರ್ನಿರ್ಮಾಣ. ಅದರ ತಾಂತ್ರಿಕ ಹಾಗೂ ವಾಣಿಜ್ಯ ಮುಖಗಳನ್ನು ಕರ್ನಾಟಕದಲ್ಲಿಯೇ ತಯಾರಾದ ಒಂದು ಕಾರಿನ ಉದಾಹರಣೆಯೊಂದಿಗೆ ವಿವೇಚಿಸುವುದು ಈ ಲೇಖನದ ಉದ್ದೇಶ.

ಕಾರಿನ ಹಿನ್ನೆಲೆ

ಬೆಂಗಳೂರಿನ ಸಿಪಾನಿ ಆಟೊಮೊಬೈಲ್ಸ್ ಸಂಸ್ಥೆಯು 1982ರಲ್ಲಿ ‘ಡಾಲ್ಫಿನ್’ ಎಂಬ ಸಣ್ಣ ಕಾರನ್ನು ಮಾರುಕಟ್ಟೆಗೆ ತಂದಿತು. ಇಂಗ್ಲೆಂಡಿನ ಟ್ಯಾಮ್‌ವರ್ತ್‌ನ ರಿಲಯಂಟ್ ಸಂಸ್ಥೆಯ ‘ಕಿಟನ್’ ಕಾರು ಇದಕ್ಕೆ ಮೂಲ. ಫೈಬರ್ ಗ್ಲಾಸ್ ಬಾಡಿ, 848 ಸಿ.ಸಿ.ಯ ನಾಲ್ಕು ಸಿಲಿಂಡರಿನ ಎಂಜಿನ್ ಇದರ ವೈಶಿಷ್ಟ್ಯ. 1983ರ ಕೊನೆಯಲ್ಲಿ ಮಾರುತಿ 800 ಬಂದ ಮೇಲೆ ಪೇಟೆಯಲ್ಲಿ ಡಾಲ್ಫಿನ್ ಹಿಂದೆ ಬಿದ್ದಿತು. ಆದರೆ ತೂಕ ಕಡಿಮೆಯಿದ್ದುದರಿಂದ 1980ರ ದಶಕದ ಮೋಟಾರು ರ‍್ಯಾಲಿಗಳಲ್ಲಿ ಸ್ಪರ್ಧಿಗಳು ಇದನ್ನು ಮೆಚ್ಚಿ ಬಳಸಿದರು. ಹೀಗೆ ಕುಟುಂಬಕ್ಕೆಂದು ಹುಟ್ಟಿದ ಕಾರು ಕ್ರೀಡೆಯ ಕಾರಾಗಿ ನೆನಪಿನಲ್ಲಿ ಉಳಿಯಿತು. ಉಳಿದಿರುವ ಕಾರುಗಳು ಇಂದು ಹವ್ಯಾಸಿಗಳ ಆಸ್ತಿ.

ಈ ಎಂಜಿನ್ನಿನ ರಚನೆ

ಈ ಎಂಜಿನ್ನಿನ ಬ್ಲಾಕ್ ಹಾಗೂ ಹೆಡ್ ಎರಡೂ ಅಲ್ಯೂಮಿನಿಯಂ ಎರಕ. ಬೋರ್ 62.5 ಮಿ.ಮೀ., ಸ್ಟ್ರೋಕ್ ಸುಮಾರು 69.1 ಮಿ.ಮೀ. ಸಿಲಿಂಡರುಗಳು ಬ್ಲಾಕಿನಲ್ಲಿ ಕೊರೆದವುಗಳಲ್ಲ. ಬಿಡಿಬಿಡಿಯಾಗಿ ಕೂಡಿಸಿದ ‘ವೆಟ್ ಲೈನರ್’ಗಳು. ತಂಪು ನೀರು ನೇರವಾಗಿ ಲೈನರಿನ ಹೊರಮೈಗೆ ತಾಗುತ್ತದೆ.

ಅನೇಕ ಟ್ರ್ಯಾಕ್ಟರುಗಳ ಡೀಸೆಲ್ ಎಂಜಿನ್ನುಗಳಲ್ಲಿಯೂ ವೆಟ್ ಲೈನರ್‌ಗಳಿರುವುದರಿಂದ ನಮ್ಮ ಭಾಗದ ಮಿಸ್ತ್ರಿಗಳಿಗೆ ಈ ವ್ಯವಸ್ಥೆ ಹೊಸದಲ್ಲ. ಹೊಸದಾಗಿರುವುದು ಅಲ್ಯೂಮಿನಿಯಂ. ಅದು ಬಿಸಿಗೆ ಹಿಗ್ಗುವ ಪ್ರಮಾಣ ಬೀಡು ಕಬ್ಬಿಣಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು. 300 ಮಿ.ಮೀ. ಉದ್ದದ ಭಾಗವು 80 ಡಿಗ್ರಿಯಷ್ಟು ಬಿಸಿಯೇರಿದರೆ ಬೀಡು ಸುಮಾರು 0.28 ಮಿ.ಮೀ., ಅಲ್ಯೂಮಿನಿಯಂ ಸುಮಾರು 0.55 ಮಿ.ಮೀ. ಹಿಗ್ಗುತ್ತದೆ. ಟ್ರ್ಯಾಕ್ಟರಿನ ಅನುಭವವನ್ನು ಹಾಗೆಯೇ ಇಲ್ಲಿ ಅನ್ವಯಿಸಿದರೆ ನಷ್ಟ ಉಂಟಾಗುವುದು ಈ ಕಾರಣದಿಂದಲೇ.

ಸಹ ಹವ್ಯಾಸಿಗಳ ನೆರವು

ಡಾಲ್ಫಿನ್ ಕಾರು ಹಿಡಿದ ಗ್ಯಾರೇಜಿಗೆ ಮೊದಲು ಎದುರಾಗುವ ಪ್ರಶ್ನೆ ಬಿಡಿಭಾಗದ್ದು. ಊರಿನ ಆಟೊಮೊಬೈಲ್ ಅಂಗಡಿಯಲ್ಲಿ ಅವು ದೊರೆಯವು. ಆದರೆ ಈ ಬಗೆಯ ಎಂಜಿನ್ ರಿಲಯಂಟ್ ಕಾರುಗಳಲ್ಲಿ 2001ರವರೆಗೂ ಬಳಕೆಯಲ್ಲಿತ್ತು. ಇಂಗ್ಲೆಂಡಿನ 750 ಮೋಟರ್ ಕ್ಲಬ್ ನಡೆಸುವ ರೇಸುಗಳಲ್ಲಿಯೂ ಹವ್ಯಾಸಿಗಳು ಇದನ್ನು ಬಹುಕಾಲ ಓಡಿಸಿದರು. ಆದ್ದರಿಂದ ಅಲ್ಲಿಯ ಮಾಲೀಕರ ಸಂಘಗಳಲ್ಲಿ ಅಳತೆ, ಕೈಪಿಡಿ, ಗ್ಯಾಸ್ಕೆಟ್ ಹಾಗೂ ಅನುಭವ ಇವೆಲ್ಲ ಸಂಗ್ರಹವಾಗಿವೆ. ಬೆಂಗಳೂರಿನ ಹಳೆಯ ಕಾರು ಪ್ರಿಯರಲ್ಲಿಯೂ ಈ ಎಂಜಿನ್ ಬಿಚ್ಚಿ ಕಟ್ಟಿದ ಕೈಗಳಿವೆ.

ಹೊಲಗೆಲಸದಲ್ಲಿ ‘ಮುಯ್ಯಿ’ ಎಂಬ ಪದ್ಧತಿಯುಂಟು. ಇಂದು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಹವ್ಯಾಸಿಗಳ ನೆರವು ನಡೆಯುವುದು ಇದೇ ರೀತಿಯಲ್ಲಿ. ಒಬ್ಬನು ಕೈಪಿಡಿಯ ಪುಟ ಕೊಡುತ್ತಾನೆ. ಇನ್ನೊಬ್ಬನು ನಮೂನೆಗೆಂದು ಹಳೆಯ ಭಾಗ ಕಳಿಸುತ್ತಾನೆ. ಪಡೆದವನು ತನ್ನ ಅಳತೆಗಳನ್ನೂ ಆದ ತಪ್ಪುಗಳನ್ನೂ ಬರೆದು ಹಿಂದಿರುಗಿಸಬೇಕು. ಬರಿದೆ ಕೇಳುವವನಿಗೆ ಎರಡನೆಯ ಬಾರಿ ಉತ್ತರ ಬರುವುದಿಲ್ಲ.

ಕೆಲಸದ ಕ್ರಮ

1. ಬಿಚ್ಚುವ ಮುನ್ನ ದಾಖಲೆ. ಪ್ರತಿ ಸಿಲಿಂಡರಿನ ಕಂಪ್ರೆಶನ್ ಅಳೆದು ಬರೆದಿಡಬೇಕು. ಎಂಜಿನ್ ಸಂಖ್ಯೆಯನ್ನು ನೋಂದಣಿ ಪತ್ರದೊಂದಿಗೆ ತಾಳೆ ನೋಡಬೇಕು. ಪ್ರತಿ ಹಂತದ ಛಾಯಾಚಿತ್ರ ಇರಲಿ.

2. ಹೆಡ್ ತೆಗೆಯುವಿಕೆ. ವರ್ಷಗಟ್ಟಲೆ ನಿಂತ ಕಾರಿನಲ್ಲಿ ಉಕ್ಕಿನ ಸ್ಟಡ್‌ಗಳು ಅಲ್ಯೂಮಿನಿಯಂ ಜೊತೆ ತುಕ್ಕು ಹಿಡಿದು ಅಂಟಿಕೊಂಡಿರುತ್ತವೆ. ಸಂದಿಯಲ್ಲಿ ಸ್ಕ್ರೂ ಡ್ರೈವರ್ ತೂರಿಸಿ ಮೀಟಿದರೆ ಹೆಡ್ಡಿನ ಮೈ ಕೆಡುತ್ತದೆ. ತುಕ್ಕು ಬಿಡಿಸುವ ಎಣ್ಣೆ, ಹದವಾದ ಬಿಸಿ ಮತ್ತು ತಾಳ್ಮೆ, ಇವು ಮೂರೇ ಉಪಾಯ.

3. ಲೈನರ್ ಹಿಡಿತ. ಹೆಡ್ ತೆಗೆದ ಮೇಲೆ ಲೈನರ್‌ಗಳನ್ನು ಮೇಲಿನಿಂದ ಒತ್ತಿ ಹಿಡಿಯದೆ ಕ್ರ್ಯಾಂಕ್ ತಿರುಗಿಸಬಾರದು. ಪಿಸ್ಟನ್ ಜೊತೆ ಲೈನರ್ ಮೇಲೆದ್ದರೆ ಕೆಳಗಿನ ಸೀಲ್ ಒಡೆದು, ಮುಂದೆ ನೀರು ಆಯಿಲ್ ಸಂಪಿಗೆ ಇಳಿಯುತ್ತದೆ.

4. ಶುದ್ಧೀಕರಣ. ಬೀಡಿನ ಬ್ಲಾಕುಗಳನ್ನು ಕಾಸ್ಟಿಕ್ ಸೋಡಾ ತೊಟ್ಟಿಯಲ್ಲಿ ಕುದಿಸುವ ರೂಢಿಯಿದೆ. ಅಲ್ಯೂಮಿನಿಯಂ ಬ್ಲಾಕನ್ನು ಆ ತೊಟ್ಟಿಗೆ ಇಳಿಸಲೇಬಾರದು. ಕಾಸ್ಟಿಕ್ ಈ ಲೋಹವನ್ನು ತಿಂದುಹಾಕುತ್ತದೆ, ಜೊತೆಗೆ ಹೊತ್ತಿಕೊಳ್ಳುವ ಜಲಜನಕ ಅನಿಲ ಹೊರಬರುತ್ತದೆ. ಸೀಮೆಎಣ್ಣೆ ಮತ್ತು ಮೃದುವಾದ ಬ್ರಶ್ ಸಾಕು.

5. ಅಳತೆ. ಪ್ರತಿ ಲೈನರನ್ನು ಮೇಲೆ, ನಡುವೆ, ಕೆಳಗೆ, ಎರಡೆರಡು ದಿಕ್ಕಿನಲ್ಲಿ ಅಳೆಯಬೇಕು. ಅಂದರೆ ಲೈನರಿಗೆ 6, ನಾಲ್ಕು ಲೈನರಿಗೆ 24 ಅಳತೆಗಳು. ಕ್ರ್ಯಾಂಕಿನ ಮೂರು ಮೇನ್ ಜರ್ನಲ್ ಹಾಗೂ ನಾಲ್ಕು ಪಿನ್ನುಗಳಿಗೂ ಇದೇ ಶಿಸ್ತು ಬೇಕು. ‘ಕೈಗೆ ಸರಿ ಅನಿಸುತ್ತದೆ’ ಎಂಬುದು ಅಳತೆಯಲ್ಲ.

6. ಜೋಡಣೆ. ಲೈನರಿನ ತುದಿ ಬ್ಲಾಕಿನ ಮೇಲ್ಮೈಗಿಂತ ಮಿಲಿಮೀಟರಿನ ನೂರನೆಯ ಕೆಲವು ಭಾಗಗಳಷ್ಟು ಮೇಲಿದ್ದರೆ ಮಾತ್ರ ಹೆಡ್ ಗ್ಯಾಸ್ಕೆಟ್ ಬಿಗಿಯಾಗಿ ಕೂರುತ್ತದೆ. ನಾಲ್ಕೂ ಸಮನಾಗಿವೆಯೇ ಎಂದು ಡಯಲ್ ಗೇಜಿನಿಂದ ಪರೀಕ್ಷಿಸಬೇಕು. ಒಂದು ತಗ್ಗಿದ್ದರೆ ಗ್ಯಾಸ್ಕೆಟ್ ಸುಡುವುದು ಅಲ್ಲಿಂದಲೇ. ಪಿಸ್ಟನ್ ರಿಂಗಿನ ಬಾಯಿಯ ಸಂದು ಈ ಬೋರಿಗೆ ಸಾಮಾನ್ಯ ಲೆಕ್ಕದಂತೆ ಸುಮಾರು 0.25 ಮಿ.ಮೀ. ಕೈಪಿಡಿಯಲ್ಲಿ ಬೇರೆ ಅಂಕಿಯಿದ್ದರೆ ಅದೇ ಅಂತಿಮ. ಹೆಡ್ಡಿನ ನಟ್ಟುಗಳನ್ನು ಎಂಜಿನ್ ತಣ್ಣಗಿರುವಾಗ, ನಡುವಿನಿಂದ ಹೊರಕ್ಕೆ, ಹಂತಹಂತವಾಗಿ ಟಾರ್ಕ್ ರೆಂಚಿನಿಂದ ಬಿಗಿಯಬೇಕು.

7. ತಂಪು ದ್ರವ. ಗಡಸು ಬೋರ್‌ವೆಲ್ ನೀರು ಬೇಡ. ಡಿಸ್ಟಿಲ್ಡ್ ನೀರು ಹಾಗೂ ಅಲ್ಯೂಮಿನಿಯಂಗೆ ಹೊಂದುವ ಕೂಲಂಟ್ ಮಾತ್ರ ಬಳಸಬೇಕು.

ಮೂಲ ಎಂಜಿನ್ ಏಕೆ ಉಳಿಯಬೇಕು?

‘ಇಷ್ಟೆಲ್ಲ ತೊಂದರೆ ಏಕೆ? ಮಾರುತಿ ಎಂಜಿನ್ ಕೂಡಿಸಿದರಾಯಿತು’ ಎಂಬ ಸಲಹೆ ಸಹಜವಾಗಿಯೇ ಬರುತ್ತದೆ. ಓಡುವುದಷ್ಟೇ ಗುರಿಯಾದರೆ ಅದು ಅಗ್ಗದ ದಾರಿ. ಆದರೆ ಕೇಂದ್ರ ಸರ್ಕಾರವು 2021ರ ಜುಲೈನಲ್ಲಿ ಹೊರಡಿಸಿದ ನಿಯಮದಂತೆ, 50 ವರ್ಷ ದಾಟಿದ, ಚಾಸಿ, ಬಾಡಿ ಹಾಗೂ ಎಂಜಿನ್ನಿನಲ್ಲಿ ಗಣನೀಯ ಬದಲಾವಣೆಯಾಗದ ವಾಹನಗಳಿಗೆ ಮಾತ್ರ ‘ವಿಂಟೇಜ್’ ನೋಂದಣಿ ಲಭ್ಯ. 1982ರ ಡಾಲ್ಫಿನ್ ಕಾರುಗಳಿಗೆ 2032ರಲ್ಲಿ 50 ವರ್ಷ ತುಂಬುತ್ತದೆ. ಇಂದು ಮೂಲ ಎಂಜಿನ್ನನ್ನು ಗುಜರಿಗೆ ಹಾಕಿದ ಮಾಲೀಕನು ಅಂದು ಆ ಅರ್ಹತೆಯನ್ನೇ ಕಳೆದುಕೊಳ್ಳಬಹುದು. ಈ ಮಾತನ್ನು ಗ್ರಾಹಕನಿಗೆ ಮೊದಲೇ ತಿಳಿಸುವುದು ಗ್ಯಾರೇಜಿನವರ ಧರ್ಮ.

ವೆಚ್ಚದ ಲೆಕ್ಕ

ಆಮದು ಮಾಡಿದ ಭಾಗದ ಬೆಲೆ ಎಂದರೆ ಪಟ್ಟಿಯಲ್ಲಿರುವ ಬೆಲೆಯಷ್ಟೇ ಅಲ್ಲ. ಸಾಗಣೆ, ವಿಮೆ, ಆಮದು ಸುಂಕ ಹಾಗೂ ಜಿ.ಎಸ್.ಟಿ. ಸೇರಿದ ಮೇಲೆ ಬರುವ ಮೊತ್ತವೇ ನಿಜವಾದ ಬೆಲೆ. ಇಲ್ಲಿಯೂ ಒಗ್ಗಟ್ಟಿಗೆ ಬೆಲೆಯಿದೆ. ಉದಾಹರಣೆಗೆ, ಒಂದು ಪಾರ್ಸೆಲ್ ಸಾಗಣೆಗೆ 6,000 ರೂ. ತಗಲುವುದೆಂದು ಇಟ್ಟುಕೊಂಡರೆ, ನಾಲ್ವರು ಮಾಲೀಕರು ಕೂಡಿ ತರಿಸಿದಾಗ ತಲಾ ಪಾಲು ಸುಮಾರು 1,500 ರೂ. ಮಾತ್ರ. ಸಹಕಾರದ ಈ ಗಣಿತವನ್ನು ಸಕ್ಕರೆ ಕಾರ್ಖಾನೆಗಳನ್ನು ಕಟ್ಟಿದ ಈ ಭಾಗದ ಜನರಿಗೆ ಹೇಳಿಕೊಡಬೇಕಾಗಿಲ್ಲ.

ಕೂಲಿಯ ಲೆಕ್ಕದಲ್ಲಿಯೂ ಸ್ಪಷ್ಟತೆ ಬೇಕು. ಬಿಚ್ಚಿ ಅಳೆಯುವ ಕೆಲಸಕ್ಕೆ ಬೇರೆ ದರ, ಕಟ್ಟುವ ಕೆಲಸಕ್ಕೆ ಬೇರೆ ದರ ಇರಲಿ. ಅಳತೆಯ ಪಟ್ಟಿ ಕೈಗೆ ಬಂದ ಮೇಲೆಯೇ ಅಂದಾಜು ಪತ್ರ ಕೊಡಬೇಕು. ನೋಡದೆ ಒಪ್ಪಿದ ಗುತ್ತಿಗೆಯು ಗ್ಯಾರೇಜಿಗೂ ಗ್ರಾಹಕನಿಗೂ ಜಗಳ ತರುತ್ತದೆ.

ನಮ್ಮ ಭಾಗಕ್ಕೆ ಇರುವ ಅವಕಾಶ

ನಿಪ್ಪಾಣಿಯು ಬೆಂಗಳೂರು–ಪುಣೆ ರಾಷ್ಟ್ರೀಯ ಹೆದ್ದಾರಿಯ ಮೇಲಿದೆ. ರಾಯಬಾಗ ಹಾಗೂ ಕಾಗವಾಡ ತಾಲೂಕುಗಳು ಮಿರಜ–ಲೋಂಡಾ ರೈಲು ಮಾರ್ಗದಲ್ಲಿವೆ. ಒಂದು ಕಡೆ ಕೊಲ್ಹಾಪುರ, ಇನ್ನೊಂದು ಕಡೆ ಬೆಳಗಾವಿ, ಎರಡೂ ಎರಕ ಹಾಗೂ ಯಂತ್ರಗಾರಿಕೆಗೆ ಹೆಸರಾದ ಕೇಂದ್ರಗಳು. ಹತ್ತರಗಿಯಲ್ಲಿ ವಿಮಾನದ ಭಾಗಗಳು ತಯಾರಾಗುತ್ತಿವೆ. ಇಂಥ ಪರಿಸರದಲ್ಲಿ ಅಲ್ಯೂಮಿನಿಯಂ ವೆಲ್ಡಿಂಗ್ ಹಾಗೂ ಸೂಕ್ಷ್ಮ ಲೇತ್ ಕೆಲಸ ಬಲ್ಲವರನ್ನು ಹುಡುಕುವುದು ಕಷ್ಟವಲ್ಲ. ಕೊರತೆ ಇರುವುದು ಅಳೆದು ಬರೆದಿಡುವ ಅಭ್ಯಾಸದಲ್ಲಿ.

ಹಳೆಯ ಕಾರುಗಳ ಸಂಖ್ಯೆ ಕಡಿಮೆ. ಇದೊಂದರಿಂದಲೇ ಗ್ಯಾರೇಜು ನಡೆಯದು. ಆದರೆ 24 ಅಳತೆಗಳನ್ನು ಪಟ್ಟಿ ಮಾಡಿ ಗ್ರಾಹಕನ ಕೈಗೆ ಕೊಡಲು ಕಲಿತ ಹುಡುಗನು ನಾಳೆ ಟ್ರ್ಯಾಕ್ಟರಿನ ಕೆಲಸವನ್ನೂ ಅದೇ ಶಿಸ್ತಿನಿಂದ ಮಾಡುತ್ತಾನೆ. ಮಾಡಿದ ಕೆಲಸ ಮರಳಿ ಗ್ಯಾರೇಜಿಗೆ ಬರುವುದು ತಪ್ಪುತ್ತದೆ. ಹಳೆಯ ಮಿಸ್ತ್ರಿಗಳು ಕಸುಬಿನಿಂದ ನಿವೃತ್ತರಾಗುತ್ತಿರುವ ಈ ಹೊತ್ತಿನಲ್ಲಿ ಅವರ ಕೈಚಳಕವನ್ನು ಕಾಗದಕ್ಕೆ ಇಳಿಸಿ ಮುಂದಿನವರಿಗೆ ಉಳಿಸುವ ಹೊಣೆ ಗ್ಯಾರೇಜು ಮಾಲೀಕರ ಮೇಲಿದೆ. ಒಂದು ಮೈಕ್ರೋಮೀಟರ್, ಒಂದು ಡಯಲ್ ಗೇಜ್, ಒಂದು ನೋಟ್‌ಬುಕ್ ಕೊಂಡರೆ ಈ ಕೆಲಸಕ್ಕೆ ಆರಂಭ ದೊರೆತಂತೆ.