ಎಳೆಗೂಸಿನ ಹಠಾತ್ ಮರಣ: ಆರೈಕೆ ಮಾಡುವವರ ಅಂಜಿಕೆ ಮತ್ತು ಅಳಲು

ಹಾಲುಂಡು, ನಕ್ಕು, ತೊಟ್ಟಿಲಲ್ಲಿ ಮಲಗಿದ ಕೂಸು ಮತ್ತೆ ಏಳದೆ ಹೋಗುವುದುಂಟು. ಜ್ವರವಿರಲಿಲ್ಲ, ಕೆಮ್ಮಿರಲಿಲ್ಲ, ಬಿದ್ದು ಪೆಟ್ಟಾಗಿರಲಿಲ್ಲ. ಆದರೂ ನಿದ್ರೆಯಲ್ಲಿಯೇ ಉಸಿರು ನಿಂತಿರುತ್ತದೆ. ಇಂಥ ಸಾವಿನಲ್ಲಿ ಹೆತ್ತವರ ಸಂಕಟ ಎಷ್ಟೆಂಬುದು ಎಲ್ಲರಿಗೂ ತಿಳಿದದ್ದು. ಆದರೆ ಆ ಹೊತ್ತಿನಲ್ಲಿ ಕೂಸು ತಾಯಿಯ ಬಳಿ ಇರದೆ ಬೇರೊಬ್ಬರ ಆರೈಕೆಯಲ್ಲಿದ್ದರೆ, ದುಃಖಿಸುವ ಇನ್ನೊಂದು ಜೀವವೂ ಇರುತ್ತದೆ. ಆ ಜೀವಕ್ಕೆ ಅಳುವ ಅಧಿಕಾರವನ್ನು ನಾವು ಕೊಡುವುದಿಲ್ಲ. “ನಿನ್ನ ಕೈಯಾಗ ಹೋತಲ್ಲ” ಎಂಬ ಒಂದೇ ಮಾತು ಆಕೆಯ ಬಾಯಿ ಕಟ್ಟಿಬಿಡುತ್ತದೆ. ಈ ಸಂಚಿಕೆಯಲ್ಲಿ ನಾವು ಆಕೆಯನ್ನು ಕುರಿತು ವಿಚಾರ ಮಾಡೋಣ.

ಆಕೆ ಯಾರು?

ಹುಬ್ಬಳ್ಳಿ-ಧಾರವಾಡದಂಥ ಅವಳಿನಗರದಲ್ಲಿ ಇಂದು ತಾಯಂದಿರು ಕಚೇರಿಗೆ, ಶಾಲೆಗೆ, ಕೈಗಾರಿಕಾ ಪ್ರದೇಶದ ಕೆಲಸಕ್ಕೆ, ಸಂತೆ ವ್ಯಾಪಾರಕ್ಕೆ ಹೋಗುತ್ತಾರೆ. 2017ರ ತಿದ್ದುಪಡಿಯ ಪ್ರಕಾರ ಹೆರಿಗೆ ರಜೆ 26 ವಾರ. 50 ಅಥವಾ ಅದಕ್ಕೂ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರವೂ ಇರಬೇಕು. ಆದರೆ ಕಟ್ಟಡದ ಕೆಲಸ, ಹೊಲದ ಕೂಲಿ, ಮನೆಗೆಲಸ ಮಾಡುವವರಿಗೆ ಇಂಥ ರಜೆ ಸಿಗುವುದು ಅಪರೂಪ. ಕೇಂದ್ರ ಸರಕಾರದ ‘ಪಾಲನಾ’ ಶಿಶುಪಾಲನಾ ಕೇಂದ್ರಗಳು ಆರು ತಿಂಗಳು ತುಂಬಿದ ಮಕ್ಕಳನ್ನು ಸೇರಿಸಿಕೊಳ್ಳುತ್ತವೆ. ಉದ್ಯೋಗ ಖಾತರಿ ಕೂಲಿಗೆ ಹೋಗುವ ತಾಯಂದಿರಿಗಾಗಿ ನಮ್ಮ ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ಗಳು ತೆರೆದಿವೆ.

ಹಠಾತ್ ಮರಣದ ಭಯ ಹೆಚ್ಚಾಗಿರುವುದು ಎರಡರಿಂದ ನಾಲ್ಕನೆಯ ತಿಂಗಳವರೆಗೆ. ಇಂಥ ಸಾವುಗಳಲ್ಲಿ ಬಹುಪಾಲು ಆರು ತಿಂಗಳೊಳಗೇ ಸಂಭವಿಸುತ್ತವೆ. ಆ ಕಾಲದಲ್ಲಿ ನಮ್ಮ ಕೂಸುಗಳು ಇರುವುದು ತವರುಮನೆಯ ಅಜ್ಜಿಯ ಕೈಯಲ್ಲಿ, ಚಿಕ್ಕಮ್ಮನ ಮಡಿಲಲ್ಲಿ, ಎರೆಯಲು ಬರುವ ಹಿರಿಯಾಕೆಯ ಕಾಲ ಮೇಲೆ, ಇಲ್ಲವೆ ನೆರೆಮನೆಯವರ ಬಳಿ. ಆದುದರಿಂದ ಇದು ಶಿಶುಪಾಲನಾ ಕೇಂದ್ರದ ಆಯಾ ಒಬ್ಬಳ ಮಾತಲ್ಲ, ನಮ್ಮೆಲ್ಲರ ಮನೆಯ ಮಾತು.

ಕೈಯಲ್ಲಿರುವುದು ಯಾವುದು, ಇಲ್ಲದ್ದು ಯಾವುದು?

ಒಂದು ವರ್ಷದೊಳಗಿನ ಕೂಸು ನಿದ್ರೆಯಲ್ಲಿ ಅನಿರೀಕ್ಷಿತವಾಗಿ ತೀರಿಕೊಂಡು, ಶವಪರೀಕ್ಷೆ, ಸ್ಥಳಪರಿಶೀಲನೆ ಹಾಗೂ ಕೂಸಿನ ಆರೋಗ್ಯದ ಪೂರ್ವ ವೃತ್ತಾಂತ ಇವೆಲ್ಲವನ್ನೂ ನೋಡಿದ ಮೇಲೆಯೂ ಕಾರಣ ತಿಳಿಯದಿದ್ದರೆ ಅದನ್ನು ವೈದ್ಯರು ಶಿಶುವಿನ ಹಠಾತ್ ಮರಣ ಎಂದು ಕರೆಯುತ್ತಾರೆ. 1969ರಲ್ಲಿ ಅಮೆರಿಕದ ಸಿಯಾಟಲ್ ನಗರದಲ್ಲಿ ಸೇರಿದ ವೈದ್ಯರು ಇದಕ್ಕೆ ಹೆಸರು ಮತ್ತು ಲಕ್ಷಣವನ್ನು ಗೊತ್ತುಪಡಿಸಿದರು. ನಮ್ಮ ದೇಶದಲ್ಲಿ ಎಳೆಗೂಸುಗಳ ಸಾವಿಗೆ ಅವಧಿಪೂರ್ವ ಜನನ, ಕಡಿಮೆ ತೂಕ, ನಂಜು, ನ್ಯುಮೋನಿಯಾಗಳೇ ಮುಖ್ಯ ಕಾರಣಗಳು. ಕೂಸಿನ ಶವಪರೀಕ್ಷೆ ವಿರಳವಾದುದರಿಂದ ಹಠಾತ್ ಮರಣಗಳು ಲೆಕ್ಕಕ್ಕೆ ಬರದೆ ಉಳಿಯುತ್ತವೆ. ಲೆಕ್ಕಕ್ಕೆ ಬಾರದ ಸಾವಿಗೆ ಊರು ತನ್ನದೇ ಕಾರಣವನ್ನು ಹುಡುಕುತ್ತದೆ: ದೃಷ್ಟಿ, ಗ್ರಹಣ, ಲಸಿಕೆ, ಕಡೆಗೆ ನೋಡಿಕೊಂಡವಳ ಕೈಗುಣ.

1994ರಲ್ಲಿ ಫಿಲಿಯಾನೊ ಮತ್ತು ಕಿನ್ನಿ ಎಂಬ ವಿಜ್ಞಾನಿಗಳು ಒಂದು ವಿವರಣೆಯನ್ನು ಮುಂದಿಟ್ಟರು. ಮೂರು ಸಂಗತಿಗಳು ಒಂದೇ ಗಳಿಗೆಯಲ್ಲಿ ಕೂಡಿದಾಗ ಇಂಥ ಸಾವು ಸಂಭವಿಸುತ್ತದೆ ಎಂಬುದು ಅದರ ಸಾರ. ಮೊದಲನೆಯದು, ಹೊರಗೆ ಕಾಣದ ಒಳದೌರ್ಬಲ್ಯ. ಕೆಲವು ಕೂಸುಗಳಲ್ಲಿ ಉಸಿರಾಟವನ್ನೂ ಎಚ್ಚರಗೊಳ್ಳುವುದನ್ನೂ ನಿಯಂತ್ರಿಸುವ ಮೆದುಳಿನ ಕಾಂಡಭಾಗ ಸರಿಯಾಗಿ ಕೆಲಸ ಮಾಡುವುದಿಲ್ಲ. ಉಸಿರು ಕಟ್ಟಿದಾಗ ಬೇರೆ ಕೂಸು ಎಚ್ಚತ್ತು ಅತ್ತರೆ ಈ ಕೂಸು ಏಳುವುದಿಲ್ಲ. ಎರಡನೆಯದು, ಬೆಳವಣಿಗೆಯ ನಾಜೂಕಾದ ಆ ಮೊದಲ ಆರು ತಿಂಗಳು. ಮೂರನೆಯದು, ಹೊರಗಿನ ಒತ್ತಡ: ಬೋರಲು ಮಲಗುವುದು, ಮುಖಕ್ಕೆ ಬಟ್ಟೆ ಬೀಳುವುದು, ಅತಿಯಾದ ಸೆಕೆ, ಹೊಗೆ.

ಈ ಮೂರರಲ್ಲಿ ಮೊದಲಿನ ಎರಡು ಯಾರ ಕೈಯಲ್ಲಿಯೂ ಇಲ್ಲ. ಮೂರನೆಯದು ಮಾತ್ರ ಆರೈಕೆ ಮಾಡುವವರ ಕೈಯಲ್ಲಿದೆ. ಈ ವಿವೇಕ ಮನಸ್ಸಿನಲ್ಲಿ ನಿಂತರೆ ಅಂಜಿಕೆಗೂ ದುಃಖಕ್ಕೂ ಒಂದು ಎಲ್ಲೆ ದೊರೆಯುತ್ತದೆ.

ಮಲಗಿಸುವ ಕ್ರಮ

ಹಗಲಿರಲಿ ರಾತ್ರಿಯಿರಲಿ, ಕೂಸನ್ನು ಅಂಗಾತ ಮಲಗಿಸಬೇಕು. ಮಗ್ಗುಲಾಗಿ ಮಲಗಿಸಿದ ಕೂಸು ಸುಲಭವಾಗಿ ಬೋರಲಾಗುತ್ತದೆ. “ಅಂಗಾತ ಮಲಗಿಸಿದರೆ ಹಾಲು ನೆತ್ತಿಗೇರುತ್ತದೆ” ಎಂದು ಹಿರಿಯರು ಅಂಜುವುದುಂಟು. ಆದರೆ ಅಂಗಾತ ಮಲಗಿದಾಗ ಉಸಿರ್ನಾಳ ಮೇಲೆ, ಅನ್ನನಾಳ ಕೆಳಗೆ ಇರುತ್ತದೆ. ಕಕ್ಕಿದ ಹಾಲು ಮೇಲೇರಿ ಉಸಿರ್ನಾಳ ಸೇರುವುದು ಕಷ್ಟ. ಹಾಲು ಕುಡಿಸಿದ ಮೇಲೆ ಹೆಗಲಿಗೆ ಹಾಕಿಕೊಂಡು ತೇಗು ಬರಿಸಿ ಮಲಗಿಸಿದರೆ ಸಾಕು. ಅಮೆರಿಕದಲ್ಲಿ 1994ರಿಂದ ಈ ಒಂದು ಸಂದೇಶವನ್ನು ಮನೆಮನೆಗೆ ಮುಟ್ಟಿಸಿದ ಮೇಲೆ, ಹತ್ತು ವರ್ಷಗಳಲ್ಲಿ ಹಠಾತ್ ಮರಣದ ಪ್ರಮಾಣ ಅರ್ಧದಷ್ಟು ಇಳಿಯಿತು. ಬೋರಲು ಮಲಗಿಸಿ ಆಡಿಸುವುದು ಕೂಸು ಎಚ್ಚರವಿದ್ದಾಗ, ನಾವು ಎದುರಿಗೆ ಕುಳಿತಿದ್ದಾಗ ಮಾತ್ರ.

ಹಾಸಿಗೆ ಸಮನಾಗಿ, ಗಟ್ಟಿಯಾಗಿರಬೇಕು. ನಮ್ಮ ಭಾಗದ ಕೌದಿ ಅಜ್ಜಿಯ ಪ್ರೀತಿಯ ಕುರುಹು; ಆದರೆ ಅದನ್ನು ಮಡಿಸಿ ಕೂಸಿನ ಸುತ್ತ ಒತ್ತುಕೊಡುವುದು ಬೇಡ, ಮುಖದವರೆಗೆ ಹೊದಿಸುವುದು ಬೇಡ. ತಲೆ ದುಂಡಗಾಗಲೆಂದು ಇಡುವ ಸಾಸಿವೆ ದಿಂಬು, ಮೆತ್ತನೆಯ ಗೊಂಬೆ, ಕೊರಳಿಗೆ ಕಟ್ಟಿದ ದಾರ ಇವು ಯಾವುವೂ ನಿದ್ರೆಯ ವೇಳೆ ಬೇಡ. ಸೀರೆಯ ಜೋಲಿಯಲ್ಲಿ ಕೂಸು ಬಾಗಿ, ಗದ್ದ ಎದೆಗೆ ತಾಗಿ ಉಸಿರಿಗೆ ತೊಂದರೆಯಾಗಬಹುದು. ತೂಗಿ ನಿದ್ರೆ ಬಂದ ಮೇಲೆ ಸಮನಾದ ಹಾಸಿಗೆಗೆ ಸಾಗಿಸುವುದು ಲೇಸು. ಮಲಗಿದ ಕೂಸಿಗೆ ಕುಂಚಿಗೆ, ಸ್ವೆಟರು, ಕಂಬಳಿ ಎಲ್ಲವನ್ನೂ ಒಟ್ಟಿಗೆ ಹಾಕಿ ಬೆವರಿಸಬಾರದು. ಬಾಣಂತಿಯ ಕೋಣೆಯ ಕದಕಿಟಕಿ ಮುಚ್ಚಿ ಕೆಂಡದ ಅಗ್ಗಿಷ್ಟಿಕೆ ಇಡುವುದು ವಿಷಗಾಳಿಗೆ ದಾರಿ. ಬೀಡಿ-ಸಿಗರೇಟಿನ ಹೊಗೆ ಕೂಸಿನ ಬಳಿ ಸುಳಿಯಬಾರದು. ಧೂಪದ ಹೊಗೆಯೂ ಹಿತವಲ್ಲ. ಕೂಸು ದೊಡ್ಡವರ ಕೋಣೆಯಲ್ಲಿಯೇ, ಕೈಗೆಟಕುವಷ್ಟು ಹತ್ತಿರ, ಆದರೆ ತನ್ನದೇ ಹಾಸಿಗೆಯಲ್ಲಿ ಮಲಗುವುದು ಒಳ್ಳೆಯದು. ತಾಯಿಯ ಎದೆಹಾಲು ಈ ಅಪಾಯವನ್ನು ತಗ್ಗಿಸುತ್ತದೆ.

ಲಸಿಕೆಯ ವಿಷಯದಲ್ಲಿ ಒಂದು ಮಾತು. 6, 10 ಮತ್ತು 14ನೆಯ ವಾರದ ಲಸಿಕೆಗಳು ಹಠಾತ್ ಮರಣದ ಭಯ ಹೆಚ್ಚಿರುವ ವಯಸ್ಸಿನಲ್ಲಿಯೇ ಬರುತ್ತವೆ. ಆದ್ದರಿಂದ ಒಂದರ ಬೆನ್ನಿಗೆ ಇನ್ನೊಂದು ನಡೆದಾಗ ಜನ ಲಸಿಕೆಯನ್ನು ದೂರುತ್ತಾರೆ. ವ್ಯಾಪಕ ಅಧ್ಯಯನಗಳಲ್ಲಿ ಅಂಥ ಸಂಬಂಧ ಕಂಡುಬಂದಿಲ್ಲ. ಲಸಿಕೆಯನ್ನು ತಪ್ಪಿಸಬಾರದು.

ಕೂಸನ್ನು ಒಪ್ಪಿಸುವಾಗ

2000ದಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಹಠಾತ್ ಮರಣಗಳ ಸುಮಾರು ಐದರಲ್ಲೊಂದು ಪಾಲು, ಕೂಸು ಬೇರೆಯವರ ಆರೈಕೆಯಲ್ಲಿದ್ದಾಗ ನಡೆದದ್ದು ಕಂಡುಬಂತು. ಅವುಗಳಲ್ಲಿ ಮೂರನೆಯ ಒಂದು ಭಾಗ ಮೊದಲ ವಾರದಲ್ಲಿಯೇ ಸಂಭವಿಸಿದ್ದವು. ಇದಕ್ಕೆ ತಿಳಿದಿರುವ ಕಾರಣಗಳಲ್ಲೊಂದು, ಮನೆಯಲ್ಲಿ ಅಂಗಾತ ಮಲಗಿ ರೂಢಿಯಾದ ಕೂಸನ್ನು ಹೊಸಬರು ಬೋರಲು ಮಲಗಿಸುವುದು. ರೂಢಿಯಿಲ್ಲದ ಕೂಸಿಗೆ ಆ ಭಂಗಿ ಹೆಚ್ಚು ಅಪಾಯಕರ.

ಆದುದರಿಂದ ಕೂಸನ್ನು ಒಪ್ಪಿಸುವ ತಾಯಿಯೂ ಒಪ್ಪಿಕೊಳ್ಳುವವರೂ ಮೊದಲ ದಿನವೇ ಕುಳಿತು ಮಾತನಾಡಬೇಕು. ಹೇಗೆ ಮಲಗಿಸುವುದು, ಎಷ್ಟು ಹೊತ್ತಿಗೆ ಹಾಲು, ನೆಗಡಿಯಿದೆಯೇ, ತಿಂಗಳು ತುಂಬದೆ ಹುಟ್ಟಿದ ಕೂಸೇ ಎಂಬುದೆಲ್ಲ ಸ್ಪಷ್ಟವಾಗಬೇಕು. ಮೊದಲ ಕೆಲವು ದಿನ ಸ್ವಲ್ಪ ಹೊತ್ತು ಮಾತ್ರ ಬಿಟ್ಟು ಹೋಗುವುದು ಉಚಿತ. ಹೆರಿಗೆಯಾದ 3, 7, 14, 21, 28 ಮತ್ತು 42ನೆಯ ದಿನಗಳಂದು ಆಶಾ ಕಾರ್ಯಕರ್ತೆ ಮನೆಗೆ ಬರುತ್ತಾರೆ. ಆಗ ಬಾಣಂತಿಯ ಜೊತೆ ಅಜ್ಜಿಯನ್ನೂ ಎರೆಯುವಾಕೆಯನ್ನೂ ಕೂರಿಸಿ ಈ ವಿಷಯಗಳನ್ನು ಕೇಳಿಸಬೇಕು.

ಅಂಜಿಕೆಯನ್ನು ಎದುರಿಸುವ ಬಗೆ

ಇಂಥ ಸುದ್ದಿ ಕೇಳಿದ ಮೇಲೆ ಕೆಲವರು ಮಲಗಿದ ಕೂಸಿನ ಮೂಗಿಗೆ ಗಳಿಗೆಗೊಮ್ಮೆ ಬೆರಳು ಹಿಡಿದು ನೋಡುತ್ತಾರೆ, ರಾತ್ರಿಯೆಲ್ಲ ಎಚ್ಚರವಿರುತ್ತಾರೆ, ಕಡೆಗೆ ಕೂಸು ನೋಡಿಕೊಳ್ಳುವ ಕಾಯಕವನ್ನೇ ಬಿಡುತ್ತಾರೆ. ಅಂಜಿಕೆ ತಪ್ಪಲ್ಲ, ಅದು ಅಕ್ಕರೆಯ ನೆರಳು. ಆದರೆ ಹಗಲಿರುಳು ಕಾದು ಕುಳಿತು ಸಾವನ್ನು ತಡೆಯಲಾಗದು. ದಣಿದ ದೇಹವೇ ಕೂಸಿಗೆ ಅಪಾಯ ತರಬಲ್ಲದು. ಮೇಲೆ ಹೇಳಿದ ಕ್ರಮವನ್ನು ಪಾಲಿಸಿ, ಗೊತ್ತಾದ ಹೊತ್ತಿಗೆ ಒಮ್ಮೆ ನೋಡಿ, ಮನಸ್ಸಿಗೆ “ನಾನು ಮಾಡಬೇಕಾದುದನ್ನು ಮಾಡಿದ್ದೇನೆ” ಎಂದು ಹೇಳಿಕೊಳ್ಳುವುದೇ ಸರಿಯಾದ ದಾರಿ.

ಕೈಗೆ ಒಂದು ವಿದ್ಯೆ ಬಂದರೆ ಅಂಜಿಕೆ ಇನ್ನೂ ಇಳಿಯುತ್ತದೆ. ಕೂಸು ಸ್ಪಂದಿಸದೆ, ಉಸಿರಾಡದೆ ಇದ್ದರೆ ಅಂಗಾಲು ತಟ್ಟಿ ಕರೆಯಬೇಕು. ಕೂಗಿ ಜನರನ್ನು ಸೇರಿಸಿ 108ಕ್ಕೆ ಕರೆ ಮಾಡಿಸಬೇಕು. ಕೂಸನ್ನು ಗಟ್ಟಿ ನೆಲದ ಮೇಲೆ ಮಲಗಿಸಿ, ಎರಡೂ ಕೈಗಳಿಂದ ಎದೆಗೂಡನ್ನು ಬಳಸಿ ಹಿಡಿದು, ಎದೆಯ ನಡುವಿನ ಮೂಳೆಯನ್ನು ಹೆಬ್ಬೆರಳುಗಳಿಂದ ಸುಮಾರು 4 ಸೆಂ.ಮೀ. ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲದ ವೇಗದಲ್ಲಿ ಒತ್ತಬೇಕು. 30 ಸಲ ಒತ್ತಿ, ಕೂಸಿನ ಬಾಯಿ-ಮೂಗುಗಳನ್ನು ಕೂಡಿಯೇ ನಮ್ಮ ಬಾಯಿಂದ ಮುಚ್ಚಿ ಎರಡು ಸಲ ಮೆಲ್ಲಗೆ ಊದಬೇಕು. ಸಹಾಯ ಬರುವವರೆಗೆ ಇದನ್ನು ಮುಂದುವರಿಸಬೇಕು. ಇದು ಓದಿ ಬರುವ ವಿದ್ಯೆಯಲ್ಲ, ತಜ್ಞರಿಂದ ಗೊಂಬೆಯ ಮೇಲೆ ಕಲಿಯಬೇಕಾದದ್ದು. ಮಹಿಳಾ ಸಂಘಗಳವರು ಇಂಥ ತರಬೇತಿಯನ್ನು ಏರ್ಪಡಿಸಿದರೆ ಅದು ನಿಜವಾದ ದಾಸೋಹವಾದೀತು.

ಸಾವು ಸಂಭವಿಸಿದಾಗ

ಎಲ್ಲವನ್ನೂ ಸರಿಯಾಗಿ ಮಾಡಿದರೂ ಕೆಲವು ಕೂಸುಗಳು ಉಳಿಯುವುದಿಲ್ಲ. ಆಗ ಪೊಲೀಸರು ಬಂದು ವಿಚಾರಿಸಬಹುದು, ಶವಪರೀಕ್ಷೆ ಆಗಬಹುದು. ಕಾರಣ ಗೊತ್ತಿಲ್ಲದ ಸಾವಿನಲ್ಲಿ ಕಾನೂನು ಬಯಸುವ ಕ್ರಮವದು. ವಿಚಾರಣೆ ಎಂದರೆ ಆರೋಪವಲ್ಲ. 2014ರಿಂದ ನಮ್ಮ ದೇಶದಲ್ಲಿ ಮಕ್ಕಳ ಮರಣ ಪರಿಶೀಲನೆಗೆ ಮಾರ್ಗಸೂಚಿಯಿದೆ. ನಡೆದುದನ್ನು ನಡೆದಂತೆ ಹೇಳಿದರೆ ಮುಂದಿನ ಕೂಸುಗಳಿಗೆ ಉಪಕಾರವಾಗುತ್ತದೆ. ಎಷ್ಟೋ ವೇಳೆ ನೋಡಿಕೊಂಡವರ ಮೇಲಿನ ಸಂಶಯವನ್ನು ಕಳೆಯುವುದೂ ಇಂಥ ಪರೀಕ್ಷೆಯೇ.

ಅವಸರದ ದೂಷಣೆ ಎಷ್ಟು ಕೆಡುಕು ಮಾಡಬಲ್ಲದು ಎಂಬುದಕ್ಕೆ ಇಂಗ್ಲೆಂಡಿನ ಸ್ಯಾಲಿ ಕ್ಲಾರ್ಕ್ ಅವರ ವೃತ್ತಾಂತ ಸಾಕ್ಷಿ. ಅವರ ಇಬ್ಬರು ಗಂಡುಕೂಸುಗಳು ಒಂದರ ನಂತರ ಒಂದು ಹಠಾತ್ತನೆ ತೀರಿಕೊಂಡವು. ಒಂದೇ ಮನೆಯಲ್ಲಿ ಹೀಗೆ ಎರಡು ಸಾವು ಸಹಜವಾಗಿ ಆಗುವ ಸಂಭವ 7.3 ಕೋಟಿಗೆ ಒಂದು ಎಂದು ತಜ್ಞರೊಬ್ಬರು ನ್ಯಾಯಾಲಯದಲ್ಲಿ ನುಡಿದರು. 1999ರಲ್ಲಿ ತಾಯಿಗೆ ಜೀವಾವಧಿ ಶಿಕ್ಷೆಯಾಯಿತು. ಆ ಲೆಕ್ಕಕ್ಕೆ ಆಧಾರವಿಲ್ಲವೆಂದು 2001ರಲ್ಲಿ ಅಲ್ಲಿನ ರಾಯಲ್ ಸಂಖ್ಯಾಶಾಸ್ತ್ರ ಸಂಘ ಬಹಿರಂಗವಾಗಿ ಸಾರಿತು. ಎರಡನೆಯ ಕೂಸಿನ ಸೋಂಕಿಗೆ ಸಂಬಂಧಿಸಿದ ಪರೀಕ್ಷಾ ವರದಿ ನ್ಯಾಯಾಲಯಕ್ಕೆ ಬಂದೇ ಇರಲಿಲ್ಲ ಎಂಬುದೂ ಹೊರಬಿತ್ತು. 2003ರಲ್ಲಿ ಅವರು ಬಿಡುಗಡೆಯಾದರು. ಆದರೆ ಆ ಆಘಾತದಿಂದ ಚೇತರಿಸಿಕೊಳ್ಳದೆಯೇ 2007ರಲ್ಲಿ ತೀರಿಕೊಂಡರು. ನಮ್ಮ ಓಣಿಯ ಕಟ್ಟೆಯ ಮೇಲೆ ನ್ಯಾಯಾಲಯವಿಲ್ಲ. ಆದರೂ ಅಲ್ಲಿ ಕೊಟ್ಟ ತೀರ್ಪನ್ನು ಬಡ ಹೆಣ್ಣುಮಗಳೊಬ್ಬಳು ಬಾಳೆಲ್ಲ ಹೊರಬೇಕಾಗುತ್ತದೆ.

ಅಳಲಿಗೆ ಆಸರೆ

ಕೂಸು ಕಳೆದುಕೊಂಡ ತಾಯಿಯ ಎದೆಯಲ್ಲಿ ಹಾಲು ಕಟ್ಟಿ ನೋವಾಗುತ್ತದೆ. ಅದಕ್ಕೆ ವೈದ್ಯರ ಸಲಹೆ ಬೇಕು. ಆರೈಕೆ ಮಾಡಿದವಳ ನೋವು ಮೈಮೇಲೆ ಕಾಣುವುದಿಲ್ಲ. ಆಕೆಗೆ ನಿದ್ರೆ ಬಾರದು, ಊಟ ಸೇರದು, ಆ ಗಳಿಗೆ ಮತ್ತೆ ಮತ್ತೆ ಕಣ್ಮುಂದೆ ಬರುತ್ತದೆ. ಇನ್ನೊಂದು ಕೂಸನ್ನು ಎತ್ತಿಕೊಳ್ಳಲು ಕೈ ನಡುಗುತ್ತದೆ. “ಸ್ವಲ್ಪ ಮುಂಚೆ ನೋಡಿದ್ದರೆ” ಎಂಬ ಪ್ರಶ್ನೆ ಬಿಡದೆ ಕಾಡುತ್ತದೆ. ಇಂಥ ಸ್ಥಿತಿ ಒಂದು ತಿಂಗಳಾದರೂ ಇಳಿಯದಿದ್ದರೆ, ಅಥವಾ ಬದುಕೇ ಬೇಡವೆಂಬ ವಿಚಾರ ಯಾವಾಗಲಾದರೂ ಬಂದರೆ, ತಡಮಾಡದೆ ವೈದ್ಯರನ್ನು ಕಾಣಬೇಕು. ಧಾರವಾಡದಲ್ಲಿ ಮಾನಸಿಕ ಆರೋಗ್ಯಕ್ಕೆಂದೇ ಡಿಮ್ಹಾನ್ಸ್ ಸಂಸ್ಥೆಯಿದೆ. ಟೆಲಿ-ಮಾನಸ್ ಸಹಾಯವಾಣಿ 14416 ಹಗಲಿರುಳು ಉಚಿತ, ಕನ್ನಡದಲ್ಲಿಯೇ ಮಾತನಾಡಬಹುದು.

ಸದ್ಭಕ್ತರಲ್ಲಿ ನಮ್ಮ ವಿನಂತಿ ಇಷ್ಟೆ. ಮಣ್ಣಿಗೆ ಹೋಗಿ ಬಂದ ಮೇಲೆ ಹೆತ್ತವರ ಮನೆಗೆ ಹೋದಂತೆ ಆರೈಕೆ ಮಾಡಿದಾಕೆಯ ಮನೆಗೂ ಹೋಗೋಣ. “ಏನು ಮಾಡಿದಿ?” ಎಂದು ಕೇಳದೆ “ಹೆಂಗದೀಯವ್ವಾ?” ಎಂದು ಕೇಳೋಣ. ಕೂಸಿನ ಹೆಸರು ಹಿಡಿದು ಮಾತನಾಡೋಣ. ಅದು ನಕ್ಕದ್ದು, ಹೊರಳಿದ್ದು ಆಕೆಗೂ ನೆನಪಿದೆ. “ದೇವರಿಗೆ ಬೇಕಾಗಿತ್ತು”, “ಇನ್ನೊಂದು ಆಗತೈತಿ ಬಿಡು” ಎಂಬ ಮಾತುಗಳನ್ನು ನುಂಗಿಕೊಂಡು ಸುಮ್ಮನೆ ಪಕ್ಕದಲ್ಲಿ ಕೂಡೋಣ. ಹೆತ್ತವರೂ ಆಕೆಯೂ ಒಂದೆಡೆ ಕುಳಿತು ಅಳುವಂತಾದರೆ ಇಬ್ಬರ ಭಾರವೂ ಇಳಿದೀತು. ಪರರ ಕೂಸನ್ನು ತನ್ನದೆಂದು ಸಾಕುವುದು ದೊಡ್ಡ ಕಾಯಕ. ಅದನ್ನು ಮಾಡುವ ಕೈಗಳಿಗೆ ಮೊದಲು ತಿಳಿವಳಿಕೆಯನ್ನೂ, ದುಃಖದ ಹೊತ್ತಿನಲ್ಲಿ ಆಸರೆಯನ್ನೂ ಕೊಡುವುದು ನಮ್ಮೆಲ್ಲರ ಹೊಣೆ.