ಬಡಾವಣೆಯ ಅಗಸಿ: ಮಾಡಬೇಕಾದ್ದು, ಮಾಡಬಾರದ್ದು

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಬಡಾವಣೆಗಳಲ್ಲಿ ಸ್ವಂತ ಮನೆ ಕಟ್ಟಿಕೊಂಡವರು, ಬಾಡಿಗೆಗೆ ಇರುವವರು, ಪ್ಲಾಟು ಹಿಡಿದು ಬೇಲಿ ಹಾಕಿ ಬೇರೆ ಊರಲ್ಲಿ ಕುಳಿತವರು, ಎಲ್ಲರಿಗೂ ಈ ಸೂಚನೆ.

ಈ ನಾಲ್ಕೂ ಊರಿನ ಬಡಾವಣೆಗಳ ಬಾಯಿ, ಅಂದರೆ ಅಗಸಿ, ನೋಡಿದರೆ ಹೆಚ್ಚುಕಡಿಮೆ ಒಂದೇ ಚಿತ್ರ. ವಾಲಿದ ಕಮಾನಿನ ಕಂಬ, ಬಿಜಾಗರಿ ಕಿತ್ತು ಗೋಡೆಗೆ ಆನಿಸಿಟ್ಟ ಗೇಟು, ಹೂಳು ತುಂಬಿದ ಗಟಾರು, ಅದರ ಮೇಲೆ ಎರಡು ತುಂಡಾದ ಪರಸಿ, ಯಾರದೋ ಹುಟ್ಟುಹಬ್ಬದ ಹರಿದ ಫ್ಲೆಕ್ಸು, ಬೇವಿನ ಗಿಡದ ಬುಡಕ್ಕೆ ಗಾಜು ಒಡೆದ ದೇವರ ಫೋಟೊ. ಒಳಗೆ ಹೋದರೆ ಮನೆ ಮನೆಯ ಮುಂದೆ ಕಸ ಹೊಡೆದು, ನೀರು ಚಿಮುಕಿಸಿ, ರಂಗೋಲಿ ಹಾಕಿರುತ್ತದೆ. ಅಂದರೆ ನಾವು ಹೊಲಸಿನಲ್ಲಿ ಇರಲು ಒಪ್ಪುವ ಜನ ಅಲ್ಲ. ಅಗಸಿ ಯಾರ ಮನೆಯ ಮುಂದೂ ಇಲ್ಲ, ಅದಕ್ಕೇ ಅದು ಹೀಗಾಗಿದೆ.

ಇನ್ನೊಂದು ತಪ್ಪು ಇದಕ್ಕಿಂತ ದುಬಾರಿಯದು. ಪಟ್ಟಿ ಎತ್ತಿದ ದುಡ್ಡೆಲ್ಲ ಕಮಾನಿನ ಬಣ್ಣಕ್ಕೆ, ಸ್ಟೀಲ್ ಅಕ್ಷರಕ್ಕೆ, ದಾನಿಗಳ ಹೆಸರಿನ ಕಲ್ಲಿಗೆ ಹೋಗುತ್ತದೆ. ಕೆಳಗೆ ನೀರು ನಿಂತಿರುತ್ತದೆ. ಗಟಾರು ಹರಿಯುವತನಕ ಬಣ್ಣಕ್ಕೆ ಒಂದು ರೂಪಾಯಿ ಖರ್ಚು ಮಾಡಕೂಡದು. ಉಳಿದ ಸೂಚನೆಗಳನ್ನು ಮರೆತರೂ ಇದನ್ನು ಮರೆಯಬೇಡಿರಿ.

ಮಾಡಬೇಕಾದ್ದು

ಮೊದಲು ಆ ಜಾಗ ಯಾರದು ಎಂದು ಕಾಗದದ ಮೇಲೆ ನೋಡಿರಿ. ಮಂಜೂರಾದ ಬಡಾವಣೆಯ ರಸ್ತೆ, ಉದ್ಯಾನ, ಖುಲ್ಲಾ ಜಾಗವನ್ನು ಬಡಾವಣೆ ಮಾಡಿದವರು ಸ್ಥಳೀಯ ಸಂಸ್ಥೆಗೆ ಬಿಟ್ಟುಕೊಡಬೇಕು. ಬಿಟ್ಟುಕೊಟ್ಟಿದ್ದರೆ ರಸ್ತೆ, ಗಟಾರು, ಬೀದಿ ದೀಪದ ಜವಾಬ್ದಾರಿ ಗದಗ-ಬೆಟಗೇರಿಯಲ್ಲಿ ನಗರಸಭೆಯದು, ಲಕ್ಷ್ಮೇಶ್ವರ ಮತ್ತು ಮುಂಡರಗಿಯಲ್ಲಿ ಪುರಸಭೆಯದು, ಶಿರಹಟ್ಟಿಯಲ್ಲಿ ಪಟ್ಟಣ ಪಂಚಾಯಿತಿಯದು. ಹಸ್ತಾಂತರ ಆಗಿರದಿದ್ದರೆ ನೀವು ಎಷ್ಟು ಸಲ ಕಚೇರಿಯ ಮೆಟ್ಟಿಲು ಹತ್ತಿದರೂ ‘ಇದು ನಮಗೆ ಬಂದಿಲ್ಲ’ ಎನ್ನುವ ಒಂದೇ ಉತ್ತರ ಸಿಗುತ್ತದೆ, ಆ ಉತ್ತರ ಸುಳ್ಳೂ ಅಲ್ಲ. ಗದಗ-ಬೆಟಗೇರಿಯವರು ನಗರಾಭಿವೃದ್ಧಿ ಪ್ರಾಧಿಕಾರದಲ್ಲಿ ಮಂಜೂರಾದ ನಕ್ಷೆ ಮತ್ತು ಹಸ್ತಾಂತರ ಪತ್ರದ ಪ್ರತಿ ಕೇಳಿರಿ. ಬಾಯಿಮಾತಿಗೆ ಸಿಗದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿರಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, ಅದೂ 150 ಪದಗಳೊಳಗೆ. ಬಡಾವಣೆಯ ಇಡೀ ಕಷ್ಟಸುಖವನ್ನು ಅದರಲ್ಲಿ ತೋಡಿಕೊಳ್ಳಬೇಡಿರಿ.

ಎರಡನೆಯದು ನೆಲ. ಗದಗ ಸೀಮೆಯ ಎರೆ ಭೂಮಿ ಹತ್ತಿಗೆ, ಬಿಳಿಜೋಳಕ್ಕೆ, ಕಡಲೆಗೆ ಬಂಗಾರ. ಕಂಬ ನಿಲ್ಲಿಸುವವನಿಗೆ ಮಾತ್ರ ಶತ್ರು. ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರಿಯುತ್ತದೆ. ವರ್ಷಾ ವರ್ಷ ಹೀಗೆ ಎತ್ತಿ ಇಳಿಸಿದಾಗ ಎರಡು ಅಡಿ ಕುಣಿ ತೋಡಿ ನಿಲ್ಲಿಸಿದ ಕಂಬ ವಾಲದೆ ಇನ್ನೇನಾದೀತು? ಗೇಟು ಸಿಕ್ಕಿಕೊಳ್ಳುತ್ತದೆ, ಯಾರೋ ಒದ್ದು ತೆರೆಯುತ್ತಾರೆ, ಬಿಜಾಗರಿ ಕಿತ್ತು ಬರುತ್ತದೆ. ಗೌಂಡಿಯನ್ನು ಬೈದು ಪ್ರಯೋಜನವಿಲ್ಲ, ಅದೇ ಕುಣಿಯಲ್ಲಿ ಮತ್ತೆ ಸಿಮೆಂಟು ಸುರಿದೂ ಪ್ರಯೋಜನವಿಲ್ಲ.

ಈ ಮಣ್ಣಿಗೆ ಮದ್ದು ಇಲ್ಲವೆಂದಲ್ಲ. ಮಲಪ್ರಭಾ ಬಲದಂಡೆ ಕಾಲುವೆ ಇಂಥದೇ ಎರೆ ನೆಲದಲ್ಲಿ ಹಾಯಬೇಕಾದಾಗ ಕಾಲುವೆಯ ಲೈನಿಂಗ್ ಉಬ್ಬಿ ಒಡೆಯುವ ತೊಂದರೆ ಎದುರಾಯಿತು. ಮುಂಬೈ ಐಐಟಿಯ ಪ್ರೊ. ಆರ್.ಕೆ. ಕಟ್ಟಿ ಅವರು ಎರೆ ಮಣ್ಣಿನ ಮೇಲೆ ಉಬ್ಬದ, ಅಂಟು ಇರುವ ಗಟ್ಟಿ ಮಣ್ಣಿನ ದಪ್ಪ ಪದರ ಹಾಕಿ ಉಬ್ಬರವನ್ನು ಹಿಡಿದಿಡುವ ವಿಧಾನ ಕೊಟ್ಟರು. ಬಡಾವಣೆಯ ಬಾಯಿಗೂ ಅದೇ ತತ್ವ ಸಾಕು. ಎರೆ ಮಣ್ಣನ್ನು ಆಳಕ್ಕೆ ತೆಗೆಸಿರಿ, ಒಳ್ಳೆಯ ಗರಸು ಪದರ ಪದರವಾಗಿ ಹಾಕಿ ಧಮ್ಮಸ್ ಮಾಡಿಸಿರಿ, ಅದರ ಮೇಲೆ ಕಾಂಕ್ರೀಟು. ಭಾರದ ಕಮಾನು ಇದ್ದರೆ ಬುಡದಲ್ಲಿ ಗಡ್ಡೆಯಂತೆ ಅಗಲವಾಗುವ ಪೈಲ್ ಹಾಕಿಸಿರಿ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಅದನ್ನು ಬೆಳೆಸಿದ್ದೇ ಕಪ್ಪು ಮಣ್ಣಿಗಾಗಿ. ಎಂಜಿನಿಯರ್ ಸಹಿ ಇಲ್ಲದೆ ಕಮಾನು ಎಬ್ಬಿಸಬಾರದು. ಶಿರಹಟ್ಟಿ, ಮುಂಡರಗಿಯ ಕಪ್ಪತಗುಡ್ಡದ ಸೆರಗಿನ ಮಸಾರಿ ನೆಲದವರಿಗೆ ಈ ಕಾಟ ಕಡಿಮೆ. ಅಲ್ಲಿ ಮಣ್ಣು ಉಬ್ಬುವುದಕ್ಕಿಂತ ಕೊಚ್ಚಿ ಹೋಗುವುದೇ ಹೆಚ್ಚು, ಹಾಗಾಗಿ ಕಂಬದ ಬುಡಕ್ಕೆ ಕಲ್ಲು ಕಟ್ಟಿಸಿರಿ.

ಕಂಬ ಎಂಥದೇ ಇರಲಿ, ಬುಡದಲ್ಲಿ ನೀರು ನಿಂತರೆ ಮುಗಿಯಿತು. ಬಡಾವಣೆಯ ರಸ್ತೆ ದೊಡ್ಡ ರಸ್ತೆಗೆ ಕೂಡುವಲ್ಲಿ ಗಟಾರಿನ ಮೇಲೆ ಒಂದು ಸಿಡಿ, ಅಂದರೆ ಸಣ್ಣ ಮೋರಿ, ಇರುತ್ತದೆ. ರೋಗದ ಮೂಲವೆಲ್ಲ ಅಲ್ಲೇ. ಆರು ಇಂಚಿನ ಪೈಪು ಹೂತು ಮೇಲೆ ಕಾಂಕ್ರೀಟು ಜಡಿದಿರುತ್ತಾರೆ. ಎರಡು ಹಾಲಿನ ಪಾಕೀಟು, ಒಂದು ತೆಂಗಿನ ಚಿಪ್ಪು ಸಿಕ್ಕಿಕೊಂಡರೆ ಸಾಕು. ಪೈಪು ತೆಗೆಸಿ ಅಗಲವಾದ ಗಟಾರು ಮಾಡಿಸಿರಿ, ಮೇಲೆ ಎತ್ತಿ ಇಡಲು ಬರುವಂಥ ಹಾಸು ಹಾಕಿಸಿರಿ. ವರ್ಷಕ್ಕೆ ಎರಡು ಸಲ ಹೂಳು ತೆಗೆಸಬೇಕು: ಮೇ ತಿಂಗಳಲ್ಲಿ ಒಂದು, ಆಗಸ್ಟ್ ಕೊನೆಗೆ ಇನ್ನೊಂದು. ನಮ್ಮ ಕಡೆ ಜೋರು ಮಳೆ ಬೀಳುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಎನ್ನುವುದನ್ನು ಮುಂಗಾರಿಗೆ ಮಾತ್ರ ಸಜ್ಜಾಗುವವರು ಮರೆಯುತ್ತಾರೆ. ತೆಗೆದ ಹೂಳನ್ನು ಗಟಾರಿನ ದಂಡೆಗೇ ಗುಡ್ಡೆ ಹಾಕಿ ಬಿಡಬೇಡಿರಿ. ಮುಂದಿನ ಮಳೆಗೆ ಅದು ಮತ್ತೆ ಒಳಗೇ ಇರುತ್ತದೆ.

ನಿಂತ ನೀರಿನ ಲೆಕ್ಕ ಬರೀ ಕಂಬದ್ದಲ್ಲ. ಡೆಂಗಿ ಸೊಳ್ಳೆಗೆ ತಿಳಿ ನೀರೇ ಬೇಕು, ವಾರ ಹತ್ತು ದಿನ ಸಿಕ್ಕರೆ ಮೊಟ್ಟೆ ಸೊಳ್ಳೆಯಾಗಿ ಹಾರುತ್ತದೆ. ಅಗಸಿಯ ಹತ್ತಿರದ ಖಾಲಿ ಪ್ಲಾಟಿನ ಗುಂಡಿ, ಹಳೇ ಟೈರು, ಕಾವಲುಗಾರನ ಕೋಣೆಯ ಮೇಲಿನ ಮುಚ್ಚಳವಿಲ್ಲದ ಟಾಕಿ ನೋಡಿರಿ. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗಗಳ ಪಟ್ಟಿಗೆ ಸೇರಿಸಿ ದಂಡ ಗೊತ್ತುಮಾಡಿತು: ನಗರ ಪ್ರದೇಶದ ಮನೆಗೆ 400 ರೂಪಾಯಿ, ಖಾಲಿ ಜಾಗ ಮತ್ತು ಕಟ್ಟುತ್ತಿರುವ ಕಟ್ಟಡಕ್ಕೆ 2000 ರೂಪಾಯಿ. ಬೇರೆ ಊರಲ್ಲಿ ಕುಳಿತ ಪ್ಲಾಟಿನ ಮಾಲೀಕರು ಇದನ್ನು ಎರಡು ಸಲ ಓದಬೇಕು.

ಗೇಟಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಿಜಾಗರಿಗೆ ಗ್ರೀಸು, ತುಕ್ಕಿಗೆ ಉಪ್ಪುಕಾಗದ ಮತ್ತು ರೆಡ್ ಆಕ್ಸೈಡ್. ಸರಿಯುವ ಗೇಟಾದರೆ ಹಳಿಯ ಎರಡೂ ತುದಿಗೆ ತಡೆ ಇರಲೇಬೇಕು. ತಡೆ ಇಲ್ಲದ ಗೇಟು ಹಳಿ ದಾಟಿ ಬಿದ್ದರೆ ಕೆಳಗೆ ಇರುವುದು ಆಟ ಆಡುವ ಮಗು. ಗೋಡೆಗೆ ಆನಿಸಿಟ್ಟ ಗೇಟನ್ನು ಇಂದೇ ನೆಲಕ್ಕೆ ಮಲಗಿಸಿರಿ, ರಿಪೇರಿ ಆಮೇಲೆ.

ದುಡ್ಡಿನ ವಿಷಯಕ್ಕೆ ನಾಚಿಕೆ ಬೇಡ. ನಿವಾಸಿಗಳ ಸಂಘವನ್ನು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಿರಿ, ಸಂಘದ ಹೆಸರಲ್ಲೇ ಬ್ಯಾಂಕ್ ಖಾತೆ ತೆರೆಯಿರಿ, ಖರ್ಚಿನ ಪಟ್ಟಿಯನ್ನು ಅಗಸಿಯ ಫಲಕದ ಮೇಲೆ ಅಂಟಿಸಿರಿ. ‘ನಮ್ಮ ಮಂದಿ ಒಂದುಗೂಡೋದಿಲ್ಲ ಬಿಡ್ರಿ’ ಎನ್ನುವ ಮಾತು ಗದಗಿನವರ ಬಾಯಲ್ಲಿ ಒಪ್ಪುವುದಿಲ್ಲ. ದೇಶದ ಮೊದಲ ಕೃಷಿ ಸಹಕಾರಿ ಸಂಘ 1905ರಲ್ಲಿ ಹುಟ್ಟಿದ್ದು ಇದೇ ಗದಗ ತಾಲೂಕಿನ ಕಣಗಿನಹಾಳದಲ್ಲಿ. ಸಿದ್ದನಗೌಡ ಪಾಟೀಲರ ಮುಂದಾಳತ್ವದಲ್ಲಿ ಹಳ್ಳಿಯ ರೈತರು ಆ ಕಾಲದಲ್ಲಿ ಲೆಕ್ಕಪತ್ರ ಇಟ್ಟು ಸಂಘ ನಡೆಸಿದರು. ಪಗಾರದಾರರು, ಶಿಕ್ಷಕರು, ವ್ಯಾಪಾರಸ್ಥರು ತುಂಬಿದ ಬಡಾವಣೆಗೆ ಒಂದು ಗೇಟಿನ ಲೆಕ್ಕ ಇಡಲು ಬರುವುದಿಲ್ಲವೆಂದರೆ ಯಾರೂ ನಂಬುವುದಿಲ್ಲ. ತಿಂಗಳಿಗೊಬ್ಬರ ಹೆಸರು ಹಚ್ಚಿರಿ. ಆ ತಿಂಗಳು ಅಗಸಿ ಅವರ ಮನೆಯ ಮುಂಬಾಗಿಲು.

ಅಗಸಿಯಲ್ಲಿ ಗಿಡ ಹಚ್ಚಿದರೆ ನೀರು ಬೇಕಲ್ಲ ಎನ್ನುವವರಿಗೆ: ಮುಂಡರಗಿ ತಾಲೂಕಿನ ಹಮ್ಮಿಗಿಯಿಂದ ಬರುವ ತುಂಗಭದ್ರೆಯ ನೀರಿಗೆ ಕೊಡ ಹಿಡಿದು ವಾರಗಟ್ಟಲೆ ಕಾದ ಊರು ನಮ್ಮದು. ಇಲ್ಲಿ ಅಗಸಿಗೆ ಹುಲ್ಲುಹಾಸು ಹಾಕುವುದು ಸೊಕ್ಕು. ಬೇವು, ಹೊಂಗೆ ಹಚ್ಚಿರಿ, ಕಂಬದಿಂದ ದೂರ ಹಚ್ಚಿರಿ.

ಮಾಡಬಾರದ್ದು

ಹಸಿ ಕಸ, ಒಣ ಕಸ ಬೇರೆ ಮಾಡಿ ಗಾಡಿಗೆ ಕೊಡಬೇಕೆಂದು 2016ರಿಂದಲೂ ದೇಶಕ್ಕೆಲ್ಲ ನಿಯಮ ಇದೆ. ಗಾಡಿ ತಪ್ಪಿತೆಂದು ಕಚೇರಿಗೆ ಹೋಗುವಾಗ ಬೈಕಿನಿಂದಲೇ ಅಗಸಿಯ ಮೂಲೆಗೆ ಚೀಲ ಒಗೆಯಬಾರದು. ಮೊದಲ ಚೀಲ ಬಿದ್ದ ಜಾಗಕ್ಕೆ ಸಂಜೆಯೊಳಗೆ ಹತ್ತು ಬೀಳುತ್ತವೆ, ಹಿಂದೆಯೇ ಹಂದಿ ನಾಯಿ ಬರುತ್ತವೆ. ಬಿದ್ದ ಕಸಕ್ಕೆ ಬೆಂಕಿಯನ್ನೂ ಹಚ್ಚಬಾರದು. ಪೌರಕಾರ್ಮಿಕರು ಬಂದು ಬಳಿಯಲಿ ಎಂದು ಬಿಡುವುದು ಅವರ ಕೆಲಸಕ್ಕೆ ಗೌರವ ಕೊಡುವ ರೀತಿ ಅಲ್ಲ.

ಒಳಚರಂಡಿ ಕಟ್ಟಿಕೊಂಡಾಗ ಇನ್ನೂರು ಮುನ್ನೂರು ರೂಪಾಯಿ ಕೊಟ್ಟು ಮನುಷ್ಯನನ್ನು ಮ್ಯಾನ್‌ಹೋಲಿಗೆ ಇಳಿಸಕೂಡದು. 2013ರ ಕಾಯ್ದೆಯ ಪ್ರಕಾರ ಅದು ಅಪರಾಧ, ಇಳಿಸಿದ ನೀವೇ ಅಪರಾಧಿ. ಯಂತ್ರದ ಗಾಡಿ ಕರೆಸಿರಿ, ಎರಡು ದಿನ ತಡವಾದರೂ ಅಡ್ಡಿಯಿಲ್ಲ.

ಕಮಾನಿಗೆ ಫ್ಲೆಕ್ಸು ಕಟ್ಟಬಾರದು. ರಾಜ್ಯದಲ್ಲಿ ಪ್ಲಾಸ್ಟಿಕ್ ಫ್ಲೆಕ್ಸು 2016ರಿಂದ ನಿಷೇಧ, ಬಯಲು ಜಾಗ ಕೆಡಿಸುವುದನ್ನು ತಡೆಯಲು 1981ರಿಂದಲೇ ಬೇರೆ ಕಾಯ್ದೆಯೂ ಇದೆ. ಆಷಾಢದ ಗಾಳಿ ನಮ್ಮ ಕಡೆ ಹೇಗೆ ಬೀಸುತ್ತದೆ ಎನ್ನುವುದಕ್ಕೆ ಕಪ್ಪತಗುಡ್ಡದ ಗಾಳಿಯಂತ್ರಗಳೇ ಸಾಕ್ಷಿ. ಹಾಯಿ ಕಟ್ಟಿದಂತೆ ಫ್ಲೆಕ್ಸು ಬಿಗಿದರೆ ಮೊದಲೇ ವಾಲಿದ ಕಂಬ ಎಷ್ಟು ತಡೆದೀತು? ಯಾವ ಪಕ್ಷದವರೇ ಇರಲಿ, ಯಾವ ಸ್ವಾಮಿಗಳ ಫೋಟೊನೇ ಇರಲಿ, ಉತ್ತರ ಒಂದೇ ಇರಲಿ. ಒಬ್ಬರಿಗೆ ಬಿಟ್ಟರೆ ಎಲ್ಲರಿಗೂ ಬಿಟ್ಟಂತೆ.

ಹಬ್ಬದ ಮಾತು ಸ್ವಲ್ಪ ನಾಜೂಕಿನದು, ಆದರೂ ಹೇಳಲೇಬೇಕು. ಹೋಳಿಯಲ್ಲಿ ಕಾಮನನ್ನು ಅಗಸಿಯ ಡಾಂಬರಿನ ಮೇಲೆ ಸುಡಬೇಡಿರಿ. ಸುಟ್ಟ ಡಾಂಬರು ಬಿರಿಯುತ್ತದೆ, ಮೊದಲ ಮಳೆಗೆ ಅಲ್ಲಿ ಕುಣಿ ಬೀಳುತ್ತದೆ. ಪಕ್ಕದ ಮಣ್ಣಿನ ಜಾಗ ನೋಡಿಕೊಳ್ಳಿರಿ, ಹಲಗೆ ಎಷ್ಟಾದರೂ ಬಾರಿಸಿರಿ. ಗಣಪತಿ ಪೆಂಡಾಲಿಗೆ, ಮೊಹರಮ್ಮಿನ ಚಪ್ಪರಕ್ಕೆ ರಸ್ತೆ ಅಗೆದವರು ಮರುದಿನವೇ ಗರಸು ತುಂಬಿ ಬಡಿಯಬೇಕು. ಅಮಾವಾಸ್ಯೆಗೆ, ಆಯುಧ ಪೂಜೆಗೆ ಒಡೆದ ಕುಂಬಳಕಾಯಿಯನ್ನು ಒಡೆದವರೇ ಬಳಿಯಬೇಕು. ಅದರ ಮೇಲೆ ಸ್ಕೂಟಿ ಜಾರಿ ಬಿದ್ದ ಹೆಣ್ಣುಮಗಳಿಗೆ ನಿಮ್ಮ ದೃಷ್ಟಿ ತೆಗೆದದ್ದರಿಂದ ಲಾಭವಿಲ್ಲ. ಒಡೆದ ದೇವರ ಫೋಟೊ ಮರದ ಬುಡಕ್ಕೆ ಇಡಬೇಡಿರಿ. ಚೌಕಟ್ಟು, ಗಾಜು ಬೇರೆ ಮಾಡಿ ಕಾಗದವನ್ನು ಮನೆಯ ಹಿತ್ತಲ ಮಣ್ಣಿಗೆ ಹಾಕಿರಿ.

ಅಲಂಕಾರದ ದೀಪಕ್ಕೆ ಬೀದಿ ಕಂಬದಿಂದ ನೇರ ವಾಯರು ಎಳೆಯಕೂಡದು. ಕಬ್ಬಿಣದ ಕಮಾನು, ತೋಯ್ದ ನೆಲ, ಬರಿಗಾಲ ಮಕ್ಕಳು: ಹೆಚ್ಚು ವಿವರಿಸಬೇಕಿಲ್ಲ. ವಾಯರು ಹರಿದು ಬಿದ್ದದ್ದು ಕಂಡರೆ ಮುಟ್ಟದೆ, ಯಾರನ್ನೂ ಹತ್ತಿರ ಬಿಡದೆ, ಹೆಸ್ಕಾಂನ 1912ಕ್ಕೆ ಫೋನು ಮಾಡಿರಿ.

ಮನೆ ಕಟ್ಟುವವರು ಉಸುಕು, ಜಲ್ಲಿಕಲ್ಲು, ಒಡೆದ ಇಟ್ಟಂಗಿಯನ್ನು ಅಗಸಿಯಲ್ಲಿ ಸುರಿಯಬಾರದು. ‘ಲಾರಿ ಒಳಗ ಬರೋದಿಲ್ಲರಿ’ ಎನ್ನುವುದು ನಿಮ್ಮ ಮತ್ತು ಲಾರಿಯವರ ನಡುವಿನ ಮಾತು. ಲಾರಿ ಬಾರದಷ್ಟು ಕಿರಿದಾದರೆ ಬೆಂಕಿ ಆರಿಸುವ ಗಾಡಿಯೂ ಬರುವುದಿಲ್ಲ ಎನ್ನುವುದನ್ನು ನೆನಪಿಡಿರಿ. ಎತ್ತರದ ಕಟ್ಟಡಗಳ ಪ್ರವೇಶಕ್ಕೆ 6 ಮೀಟರಿಗಿಂತ ಕಡಿಮೆ ಅಗಲ ಕೂಡದೆಂದು ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುವುದು ಈ ಕಾರಣಕ್ಕೇ. ಹಸ್ತಾಂತರವಾದ ರಸ್ತೆ ಸಾರ್ವಜನಿಕರದು. ರಾತ್ರಿ ಗೇಟಿಗೆ ಕೀಲಿ ಹಾಕಿ ಕೀಲಿಕೈ ಯಾರ ಹತ್ತಿರವೋ ಇದೆ ಎಂದರೆ ಆಂಬುಲೆನ್ಸ್ ಕಾಯುವುದಿಲ್ಲ.

ಕೊನೆಗೆ, ಅಗಸಿಯ ಮಿರ್ಚಿ-ಗಿರ್ಮಿಟ್ಟಿನ ಗಾಡಿಯನ್ನು ‘ಅಂದ ಕೆಡತೈತಿ’ ಎಂದು ಓಡಿಸಬೇಡಿರಿ. ಕೆಲವರಿಗೆ ಇದು ಸಿಟ್ಟು ತರಿಸಬಹುದು. ಆದರೆ ರಾತ್ರಿ ಒಂಬತ್ತಕ್ಕೆ ಬಸ್ಸಿಳಿದು ನಡೆದು ಬರುವ ನರ್ಸ್‌ಗೆ, ಟ್ಯೂಷನ್ ಮುಗಿಸಿ ಬರುವ ಹುಡುಗಿಗೆ ಆ ಗಾಡಿಯ ದೀಪ ಮತ್ತು ಅಲ್ಲಿ ನಿಂತ ನಾಲ್ಕು ಜನ ನಿಮ್ಮ ಕ್ಯಾಮೆರಾಕ್ಕಿಂತ ಹೆಚ್ಚು ಧೈರ್ಯ. ಗಾಡಿ ಗಟಾರಿನ ಮೇಲೆ ನಿಲ್ಲದಿರಲಿ, ಪಕ್ಕದಲ್ಲಿ ಕಸದ ಬುಟ್ಟಿ ಇರಲಿ, ಕಾದ ಎಣ್ಣೆ ಗಟಾರಿಗೆ ಬೀಳದಿರಲಿ. ಅಷ್ಟು ಕರಾರು ಸಾಕು.

ಕಚೇರಿಗೆ ದೂರು ಕೊಡುವಾಗ ನಗರಸಭೆಯಲ್ಲಿ ಪೌರಾಯುಕ್ತರ ಹೆಸರಿಗೆ, ಪುರಸಭೆ ಮತ್ತು ಪಟ್ಟಣ ಪಂಚಾಯಿತಿಯಲ್ಲಿ ಮುಖ್ಯಾಧಿಕಾರಿಗಳ ಹೆಸರಿಗೆ ಬರೆದು, ಫೋಟೊ ಹಚ್ಚಿ, ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿರಿ. ಆದರೆ ಕಚೇರಿಯವರು ಬರುತ್ತಾರೆಂದು ಕಾಯುತ್ತ ಕೂಡ್ರಬೇಡಿರಿ. ಬರುವ ಭಾನುವಾರ ಮುಂಜಾನೆ ಮನೆಗೊಬ್ಬರಂತೆ ಸಲಿಕೆ, ಬುಟ್ಟಿ ಹಿಡಿದು ಅಗಸಿಗೆ ಬನ್ನಿರಿ, ಗಟಾರಿನ ಮೇಲಿನ ಪರಸಿ ಎತ್ತಿರಿ. ದೀಪಾವಳಿಗೆ ಕಮಾನಿಗೆ ಯಾವ ಬಣ್ಣ ಎನ್ನುವ ಚರ್ಚೆಯನ್ನು ನೀರು ಹರಿದ ಮೇಲೆ ಇಟ್ಟುಕೊಳ್ಳೋಣ.