ರೆಫ್ರಿ ಕಾಯು!

ಸಿಂಗಪುರದಲ್ಲಿ ನಾನು ಕಲಿತ ಮೊದಲ ಮಲಯ್ ಪದಗಳಲ್ಲಿ ಒಂದು ‘ಕಾಯು’. ಫುಟ್‌ಬಾಲ್ ನೋಡಲು ಹೋದರೆ ಪಂದ್ಯಕ್ಕೆ ನಾಲ್ಕು ಸಲವಾದರೂ ಅದು ಕಿವಿಗೆ ಬೀಳುತ್ತಿತ್ತು. ‘ರೆಫ್ರಿ ಕಾಯು!’ ಎಂದರೆ ರೆಫ್ರಿ ಕಟ್ಟಿಗೆ, ಮರದ ಕೊರಡು ಎಂದು ಬೈಗುಳ. ನನಗೋ, ಇವರೆಲ್ಲ ಸೇರಿ ರೆಫ್ರಿಗೆ ಸ್ವಲ್ಪ ಕಾಯಪ್ಪಾ ಎಂದು ಹೇಳುತ್ತಿದ್ದಾರೆ ಅನಿಸುತ್ತಿತ್ತು. ಅರ್ಥ ಗೊತ್ತಾದ ಮೇಲೂ ಆ ಪದ ನನ್ನೊಳಗೆ ಕನ್ನಡದಲ್ಲೇ ಉಳಿಯಿತು.

ನಾನು ಬಂದದ್ದು 1998ರಲ್ಲಿ. ಬೆಂಗಳೂರಿನ ದೂರವಾಣಿನಗರದಲ್ಲಿ ಬೆಳೆದವನು, ಅಪ್ಪ ಅಲ್ಲಿನ ದೂರವಾಣಿ ಕಾರ್ಖಾನೆ ಐಟಿಐನ ನೌಕರ. 1977ರಲ್ಲಿ ಐಟಿಐ ತಂಡ ಮೋಹನ್ ಬಗಾನ್‌ನಂಥ ಮೋಹನ್ ಬಗಾನನ್ನು ಸೋಲಿಸಿ ಮೊಟ್ಟಮೊದಲ ಫೆಡರೇಷನ್ ಕಪ್ ತಂದದ್ದು ನಮ್ಮ ಕಾಲೋನಿಯ ಪುರಾಣ. ಹಾಗಾಗಿ ಕ್ರಿಕೆಟ್ಟಿನ ನಡುವೆಯೂ ಫುಟ್‌ಬಾಲ್ ಹುಚ್ಚು ಬಿಟ್ಟಿರಲಿಲ್ಲ. ಇಲ್ಲಿ ಬಾಡಿಗೆಗೆ ಸಿಕ್ಕ ಮನೆ ಕ್ವೀನ್ಸ್‌ಟೌನಿನಲ್ಲಿ. ಒಂಬತ್ತನೇ ಮಹಡಿಯ ಕಾರಿಡಾರಿನಲ್ಲಿ ಬಟ್ಟೆ ಒಣಹಾಕುವಾಗ ಸ್ಟೇಡಿಯಂನ ದೀಪಗಳು ಕಾಣುತ್ತಿದ್ದವು. 1970ರಲ್ಲಿ ಶುರುವಾದ, ಬಡಾವಣೆಯವರಿಗೆಂದೇ ಕಟ್ಟಿದ ಕ್ರೀಡಾಂಗಣ ಅದು. ಆಗ ತಂಜೋಂಗ್ ಪಗಾರ್ ಕ್ಲಬ್ಬಿನ ತವರು.

ಸಹೋದ್ಯೋಗಿಗಳು ಹೇಳುತ್ತಿದ್ದುದು ಬರೀ ಹಳೆಯ ಕತೆ. ಕಲ್ಲಾಂಗಿನ ನ್ಯಾಷನಲ್ ಸ್ಟೇಡಿಯಂ, ಅಲ್ಲಿನ ಗರ್ಜನೆ, 1994ರಲ್ಲಿ ಗೆದ್ದ ಮಲೇಷ್ಯಾ ಕಪ್. ಅದರ ಬೆನ್ನಿಗೇ ಸಿಂಗಪುರ ಮಲೇಷ್ಯಾದ ಪಂದ್ಯಾವಳಿಗಳಿಂದ ಹೊರಬಂದು, 1996ರಲ್ಲಿ ಎಂಟು ಕ್ಲಬ್ಬುಗಳ ಎಸ್-ಲೀಗ್ ಕಟ್ಟಿಕೊಂಡಿತು. ಮರುವರ್ಷ ಆ ಕ್ಲಬ್ಬುಗಳ ಮೀಸಲು ತಂಡಗಳಿಗಾಗಿ ಪ್ರೈಮ್ ಲೀಗ್. ಮೊದಲ ಲೀಗಿಗೇ ಜನ ಕಡಿಮೆ, ಎರಡನೆಯದನ್ನು ಕೇಳುವವರಾರು? ನಾನು ಹೋದ ಸಂಜೆಗಳಲ್ಲಿ ಟಿಕೆಟ್ ಕೇಳಿದವರಿಲ್ಲ. ಸ್ಟ್ಯಾಂಡಿನಲ್ಲಿ ಎಣಿಸಿದರೆ ನಲವತ್ತು ಜನ: ಅಪ್ಪ ಅಮ್ಮಂದಿರು, ಪ್ರೇಯಸಿಯರು, ಹಿರಿಯ ತಂಡದ ಕೋಚ್ ಒಬ್ಬರು, ಕಾಪಿಯನ್ನು ದಾರ ಕಟ್ಟಿದ ಪ್ಲಾಸ್ಟಿಕ್ ಚೀಲದಲ್ಲಿ ಹಿಡಿದು ಹೀರುವ ಮುದುಕರು, ಮತ್ತು ನಾನು.

ಖಾಲಿ ಸ್ಟೇಡಿಯಂನಲ್ಲಿ ಆಟ ಕೇಳಿಸುತ್ತದೆ. ಗೋಲ್‌ಕೀಪರ್ ಮಲಯ್, ಇಂಗ್ಲಿಷ್ ಬೆರೆಸಿ ಬೈಯುವುದು, ಬೂಟಿಗೆ ಬೂಟು ತಾಗುವುದು, ಪಾಸ್ ಕೇಳಿ ಸಿಗದವನು ನಿಟ್ಟುಸಿರಿಡುವುದು, ಎಲ್ಲವೂ. ಟಿವಿಯಲ್ಲಿ ಚೆಂಡನ್ನಷ್ಟೇ ನೋಡುತ್ತಿದ್ದವನು ಚೆಂಡಿಲ್ಲದವನು ಏನು ಮಾಡುತ್ತಾನೆ ಎಂದು ನೋಡಲು ಕಲಿತದ್ದು ಇಲ್ಲಿ. ಹದಿನೆಂಟರ ಹುಡುಗನ ಪಕ್ಕದಲ್ಲಿ, ಗಾಯ ಮಾಗಿ ಮರಳಿದ ಮೂವತ್ತರ ಹಿರಿಯ ಆಡುತ್ತಿದ್ದ. ಒಬ್ಬ ಮೆಟ್ಟಿಲು ಹತ್ತುತ್ತಿದ್ದಾನೆ, ಇನ್ನೊಬ್ಬ ಇಳಿಯದಿರಲು ಕಂಬಿ ಹಿಡಿದಿದ್ದಾನೆ. ಒಂದೇ ಜೆರ್ಸಿ. ಮಿಂಚಿನ ಎಚ್ಚರಿಕೆ ಬಂದರೆ ಇಬ್ಬರೂ ಓಡಿ ಬಂದು ಒಂದೇ ಸೂರಿನಡಿ ನಿಲ್ಲುತ್ತಿದ್ದರು.

ಮೆಲ್ಬರ್ನಿನ ಸಹೋದ್ಯೋಗಿಯೊಬ್ಬನನ್ನು ಒಮ್ಮೆ ಎಳೆದುಕೊಂಡು ಹೋಗಿದ್ದೆ. ಅವರ ಫುಟ್‌ಬಾಲ್ ಬೇರೆ: ಮೊಟ್ಟೆಯಾಕಾರದ ಚೆಂಡು, ಕ್ರಿಕೆಟ್ ಮೈದಾನ, ತಂಡಕ್ಕೆ ಹದಿನೆಂಟು ಜನ. ಅಲ್ಲಿ ಮೀಸಲು ತಂಡಗಳಿಗೆ 1919ರಿಂದ 1999ರವರೆಗೆ ತಮ್ಮದೇ ಪಂದ್ಯಾವಳಿಯಿತ್ತು. ಅವನ ಬಾಲ್ಯದಲ್ಲಿ ಅದು ಹಿರಿಯರ ಪಂದ್ಯಕ್ಕೆ ಮುಂಚೆ ಅದೇ ಅಂಗಳದಲ್ಲಿ ನಡೆಯುತ್ತಿತ್ತಂತೆ. ಬೆಳಿಗ್ಗೆ ಖಾಲಿಯಿದ್ದ ಸ್ಟ್ಯಾಂಡು ಕೊನೆಯ ಕ್ವಾರ್ಟರ್ ಹೊತ್ತಿಗೆ ತುಂಬುತ್ತಿತ್ತು. ‘ಹುಡುಗರಿಗೆ ಜನಸಂದಣಿಯ ಅಭ್ಯಾಸ ಹನಿಹನಿಯಾಗಿ ಆಗುತ್ತಿತ್ತು, ಜನರಿಗೆ ಹುಡುಗರ ಹೆಸರೂ’ ಎಂದ. ಯಕ್ಷಗಾನದಲ್ಲಿ ಪೂರ್ವರಂಗದ ಕೋಡಂಗಿ, ಬಾಲಗೋಪಾಲರ ಕುಣಿತ ನೆನಪಾಯಿತು. ಮುಂದೆ ರಾಜವೇಷ ಕಟ್ಟುವವನು ಹೆಜ್ಜೆ ಕಲಿಯುವುದು ಅಲ್ಲಿಯೇ. ಕ್ವೀನ್ಸ್‌ಟೌನಿನಲ್ಲಿ ನಾನು ನೋಡಿದ ಮೀಸಲು ಪಂದ್ಯಗಳೆಲ್ಲ ಬೇರೆಯೇ ದಿನ ನಡೆದವು. ನಲವತ್ತು ಜನರ ಮುಂದೆ ಆಡಿದ ಹುಡುಗ ನೇರ ಸಾವಿರಾರು ಜನರ ಮುಂದೆ ಬೀಳಬೇಕಿತ್ತು.

ಇನ್ನು ನನ್ನ ಮರ್ಯಾದೆ ಹೋದ ಸಂಗತಿ. 2002ರ ಒಂದು ಸಂಜೆ. ಬಲಬದಿಯ ಹುಡುಗನೊಬ್ಬ ಮೇಲಿಂದ ಮೇಲೆ ಚೆಂಡು ಕಳೆದುಕೊಳ್ಳುತ್ತಿದ್ದ. ಅಷ್ಟು ಹೊತ್ತಿಗೆ ನಾನೂ ಇಲ್ಲಿಯವನೇ ಆಗಿಬಿಟ್ಟಿದ್ದೆನಲ್ಲ! ‘ಹೇ ಕಾಯು, ಗೋ ಹೋಮ್ ಲಾ!’ ಎಂದು ಗಂಟಲು ಹರಿಯುವಂತೆ ಕೂಗಿದೆ. ತುಂಬಿದ ಸ್ಟೇಡಿಯಂನಲ್ಲಿ ಕೂಗು ಕರಗಿಹೋಗುತ್ತದೆ. ಇಲ್ಲಿ ಅದು ಹೋಗಿ ಅವನಿಗೇ ತಾಕಿತು. ಹುಡುಗ ನಿಂತು ನನ್ನತ್ತ ನೋಡಿದ. ಎರಡು ಸಾಲು ಮುಂದೆ ಕೂತಿದ್ದವರು ತಿರುಗಿದರು. ಸಿಟ್ಟಿರಲಿಲ್ಲ. ‘ನನ್ನ ಮಗ. ಬೆಳಿಗ್ಗೆ ಐದಕ್ಕೆ ಎದ್ದಿದ್ದಾನೆ, ಕ್ಯಾಂಪಿನಿಂದ ನೇರ ಇಲ್ಲಿಗೆ ಬಂದ’ ಎಂದರು. ಕೈಯಲ್ಲಿದ್ದ ಕಾಚಾಂಗ್ ಪುಟೇ ಪೊಟ್ಟಣವನ್ನು ನನ್ನತ್ತ ಚಾಚಿದರು. ನಮ್ಮ ಕಡಲೆಪೊಟ್ಟಣದಂಥದ್ದೇ. ಬೇಡವೆನ್ನಲು ಬಾಯಿ ಬರಲಿಲ್ಲ, ತಿನ್ನಲು ಗಂಟಲಲ್ಲಿ ಇಳಿಯಲಿಲ್ಲ.

ಕ್ಯಾಂಪ್ ಎಂದರೆ ಸೇನಾ ಶಿಬಿರ. ಇಲ್ಲಿನ ಗಂಡುಮಕ್ಕಳು ಹದಿನೆಂಟರ ಆಸುಪಾಸಿನಲ್ಲಿ ಕಡ್ಡಾಯ ಸೇವೆಗೆ ಹೋಗಬೇಕು. ಆಗ ಹಲವರಿಗೆ ಅದು ಎರಡೂವರೆ ವರ್ಷ, 2004ರ ಕೊನೆಯಿಂದ ಎರಡು. ಫುಟ್‌ಬಾಲ್ ಆಟಗಾರನ ಕಾಲು ಪಳಗಬೇಕಾದ ವಯಸ್ಸೂ ಅದೇ. ಮೀಸಲು ತಂಡದ ಹುಡುಗ ಯಾಕೆ ನಿಧಾನ ಎಂಬ ಪ್ರಶ್ನೆಗೆ ಉತ್ತರ ಎಷ್ಟೋ ಸಲ ಮೈದಾನದ ಹೊರಗಿರುತ್ತಿತ್ತು. ನನ್ನ ಮಗ 2014ರಲ್ಲಿ ಅದೇ ಸೇವೆಗೆ ಹೋದ. ಶನಿವಾರ ಮನೆಗೆ ಬಂದು ಬೂಟು ಬಿಚ್ಚುವ ಮೊದಲೇ ಸೋಫಾದ ಮೇಲೆ ನಿದ್ದೆಹೋಗುತ್ತಿದ್ದ. ಆ ಹುಡುಗ ಆಗೆಲ್ಲ ನೆನಪಾದ. ಮುಂದೆ ಅವನು ಹಿರಿಯರ ತಂಡ ಸೇರಿದನೇ? ಗೊತ್ತಿಲ್ಲ. ಹೆಸರನ್ನೂ ಕೇಳಿರಲಿಲ್ಲ.

ಎರಡು ಪಾಠ ಕಲಿತೆ. ಒಂದು, ಒಂದು ಪಂದ್ಯ ನೋಡಿ ಯಾರನ್ನೂ ಅಳೆಯಬಾರದು. ಆಫೀಸಿನಲ್ಲಿ ಹೊಸಬರ ಮೌಲ್ಯಮಾಪನಕ್ಕೆ ಕೂತಾಗ ಹಿಂದಿನ ರಾತ್ರಿ ಇವರು ಎಲ್ಲಿಂದ ಬಂದರು ಎಂದು ಮನಸ್ಸಿನಲ್ಲಾದರೂ ಕೇಳಿಕೊಳ್ಳುವ ಅಭ್ಯಾಸ ಅಲ್ಲಿಂದ ಬಂತು. ಎರಡು, ‘ರಿಸರ್ವ್’ ಎಂದರೆ ಕಳಪೆ ಎಂದು ನಾವು ಓದಿಕೊಳ್ಳುತ್ತೇವೆ. ಕನ್ನಡದಲ್ಲಿ ಅದು ಕಾಯ್ದಿರಿಸಿದ್ದು. ಬಸ್ಸಿನ ಸೀಟನ್ನೂ ನಾವು ಬೇಕಾದವರಿಗೆಂದೇ ಕಾಯ್ದಿರಿಸುತ್ತೇವೆ.

ಕಾಯುವುದನ್ನು ತಂಜೋಂಗ್ ಪಗಾರ್ ಕ್ಲಬ್ಬಿನಿಂದಲೇ ಕಲಿಯಬೇಕು. 2004ರ ನಂತರ ಲೀಗಿನಿಂದ ಹಿಂದೆ ಸರಿಯಿತು, 2011ರಲ್ಲಿ ಮರಳಿತು, 2014ರ ಕೊನೆಗೆ ಮತ್ತೆ ಹೊರಟಿತು, 2020ರಲ್ಲಿ ಮತ್ತೊಮ್ಮೆ ಬಂತು. ಪ್ರೈಮ್ ಲೀಗ್ 2017ರೊಂದಿಗೆ ಮುಗಿಯಿತು. ಮರುವರ್ಷ ಎಸ್-ಲೀಗಿನ ಹೆಸರೂ ಬದಲಾಯಿತು.

ಬೆಂಗಳೂರಿಗೆ ಬಂದಾಗ ನಾನು ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂ ಕಡೆಗೆ ಒಮ್ಮೆ ಹೋಗಿಬರುತ್ತೇನೆ. ನಿಮ್ಮ ಊರಿನಲ್ಲೂ ಕೆಳಗಿನ ಡಿವಿಷನ್ನಿನ ಯಾವುದಾದರೂ ಆಟ ನಡೆಯುತ್ತಿದ್ದರೆ ಅರ್ಧ ಗಂಟೆ ಕೂತು ನೋಡಿ. ಕೂಗಬೇಕೆನಿಸಿದರೆ ಕೂಗಿ. ಅದಕ್ಕೆ ಮುಂಚೆ ಎರಡು ಸಾಲು ಮುಂದೆ ಯಾರು ಕೂತಿದ್ದಾರೆ ಎಂದು ಮಾತ್ರ ನೋಡಿಕೊಳ್ಳಿ.